ಪೋಕೆಮಾನ್ ಕಾರ್ಡು: ಮೊದಲ ಡೆಕ್ ಕಟ್ಟುವುದರಿಂದ ಮಳೆಗಾಲದಲ್ಲಿ ಕಾಪಾಡುವವರೆಗೆ

ಪೋಕೆಮಾನ್ ಕಾರ್ಡು ಆಟ ಜಪಾನಿನಲ್ಲಿ 1996ರಲ್ಲಿ ಶುರುವಾಯಿತು. ಇಂಗ್ಲಿಷಿನ ಮೊದಲ ಸೆಟ್ 1999ರಲ್ಲಿ ಬಂತು, ಅದರಲ್ಲಿ 102 ಕಾರ್ಡು. ಈಗ ಈ ಹವ್ಯಾಸಕ್ಕೆ ಇಳಿಯುವವರು ಮೊದಲು ಕಲಿಯಬೇಕಾದ ವಿಷಯ ಒಂದೇ: ಆಡುವುದಕ್ಕೆ ಬೇಕಾದ ಕಾರ್ಡನ್ನು ಬಿಡಿಯಾಗಿ ಕೊಳ್ಳಿ, ಪ್ಯಾಕ್ ಒಡೆದು ಹುಡುಕಬೇಡಿ.

ಕಾರಣ ಸರಳ. ಒಂದು ಬೂಸ್ಟರ್ ಪ್ಯಾಕ್‌ನಲ್ಲಿ, ಅಂದರೆ ಒಳಗೇನಿದೆ ಎಂದು ಕಾಣದ ಮುಚ್ಚಿದ ಪ್ಯಾಕೆಟ್ಟಿನಲ್ಲಿ, ಬರುವುದು ಹತ್ತು ಕಾರ್ಡು, ಯಾವುದು ಬರುತ್ತದೆ ಎನ್ನುವುದು ಅದೃಷ್ಟ. ಡೆಕ್‌ಗೆ, ಅಂದರೆ ಆಡಲು ಜೋಡಿಸಿಕೊಂಡ ನಿಮ್ಮ ಕಾರ್ಡಿನ ಕಟ್ಟಿಗೆ, ಬೇಕಿರುವುದಾದರೂ ಒಂದೇ ಕಾರ್ಡಿನ ನಾಲ್ಕು ಪ್ರತಿ. ಪ್ಯಾಕ್ ಒಡೆಯುತ್ತಾ ಹೋದರೆ ನಿಮಗೆ ಬೇಡದ ನೂರಾರು ಕಾರ್ಡು ರಾಶಿ ಬೀಳುತ್ತದೆ, ಬೇಕಾದದ್ದು ಎರಡೇ ಸಿಕ್ಕಿರುತ್ತದೆ. ಪ್ಯಾಕ್ ಒಡೆಯುವ ಸಂತೋಷ ಬೇರೆ, ಅದಕ್ಕೆ ಬೇರೆ ದುಡ್ಡು ಎತ್ತಿಡಿ.

ಇಬ್ಬರು ಸೇರಿ ಕಲಿಯುವುದಾದರೆ ಬ್ಯಾಟಲ್ ಅಕಾಡೆಮಿ ಪೆಟ್ಟಿಗೆ ಒಳ್ಳೆಯದು, ಅದರಲ್ಲಿ 60 ಕಾರ್ಡಿನ ಮೂರು ಡೆಕ್ ಸಿದ್ಧವಾಗಿ ಬರುತ್ತವೆ. ಒಬ್ಬರೇ ಇದ್ದರೆ ಪೋಕೆಮಾನ್ ಟಿಸಿಜಿ ಲೈವ್ ಆಪ್ ಉಚಿತ. ನಿಯಮ ತಪ್ಪಿದರೆ ಅದು ಆಡಲು ಬಿಡುವುದೇ ಇಲ್ಲ, ಹಾಗಾಗಿ ಕಲಿಕೆ ಬೇಗ. ಹೊರದೇಶದಿಂದ ತರಿಸುವಾಗ ಕಾರ್ಡಿನ ಬೆಲೆಯ ಮೇಲೆ ಸಾಗಣೆ ಖರ್ಚು ಮತ್ತು ಕಸ್ಟಮ್ಸ್ ಸುಂಕ ಸೇರಿಸಿಯೇ ಲೆಕ್ಕ ಹಾಕಿ. ಬೆಲೆ ತಿಳಿಯಲು ಮಾರುವವರು ಕೇಳಿದ ದರ ನೋಡಬೇಡಿ, ಈಚೆಗೆ ನಿಜಕ್ಕೂ ಮಾರಾಟವಾದ ದರ ನೋಡಿ. ಎರಡರ ನಡುವೆ ದೊಡ್ಡ ಅಂತರ ಇರುವುದುಂಟು.

ಅಸಲಿಯೋ ನಕಲಿಯೋ

ಸ್ಟೇಷನರಿ ಅಂಗಡಿಯ ಬಾಗಿಲಿಗೆ ಸರ ಕಟ್ಟಿದ ಹಾಗೆ ನೇತಾಡುವ ಪ್ಯಾಕೆಟ್ಟು, ಚಿನ್ನದ ಬಣ್ಣದ ಪ್ಲಾಸ್ಟಿಕ್ ಕಾರ್ಡುಗಳ ಕಟ್ಟು ನಕಲಿ. ಮಕ್ಕಳು ಅದರಲ್ಲಿ ಆಡಿಕೊಳ್ಳಲಿ, ತೊಂದರೆಯಿಲ್ಲ. ಸಂಗ್ರಹಕ್ಕೆಂದು ಮಾತ್ರ ಕೊಳ್ಳಬೇಡಿ. ಕಷ್ಟ ಬರುವುದು ಚೆನ್ನಾಗಿ ಮಾಡಿದ ನಕಲಿಯ ವಿಷಯದಲ್ಲಿ. ಪರೀಕ್ಷೆಗೆ ನಿಮ್ಮ ಬಳಿ ಅಸಲಿ ಎಂದು ಖಚಿತವಾದ ಒಂದು ಕಾರ್ಡು ಇರಲೇಬೇಕು, ಏಕೆಂದರೆ ಎಲ್ಲ ಪರೀಕ್ಷೆಯೂ ಹೋಲಿಕೆಯೇ.

ಎರಡೂ ಕಾರ್ಡನ್ನು ಪಕ್ಕಪಕ್ಕ ತಿರುಗಿಸಿಟ್ಟು ಹಿಂಬದಿಯ ನೀಲಿ ನೋಡಿ. ನಕಲಿಯ ನೀಲಿ ಮಾಸಿದ ಹಾಗೆ, ಇಲ್ಲವೇ ನೇರಳೆಗೆ ವಾಲಿದ ಹಾಗೆ ಕಾಣುತ್ತದೆ. ಆಮೇಲೆ ಕತ್ತಲೆಯಲ್ಲಿ ಮೊಬೈಲ್ ಟಾರ್ಚನ್ನು ಕಾರ್ಡಿನ ಹಿಂದೆ ಹಿಡಿಯಿರಿ. ಅಸಲಿ ಕಾರ್ಡಿನ ಎರಡು ಕಾಗದದ ಪದರದ ನಡುವೆ ತೆಳುವಾದ ಕಪ್ಪು ಪದರ ಇರುತ್ತದೆ, ಬೆಳಕು ಅಷ್ಟಾಗಿ ಹಾಯುವುದಿಲ್ಲ. ನಕಲಿ ಕಾರ್ಡು ಲಾಟೀನಿನ ಗಾಜಿನಂತೆ ಬೆಳಗುತ್ತದೆ. ಕಾರ್ಡಿನ ಅಂಚನ್ನೇ ಕಣ್ಣಿನ ಮಟ್ಟಕ್ಕೆ ತಂದು ನೋಡಿದರೆ ಆ ಕಪ್ಪು ಗೆರೆ ಸಣ್ಣಗೆ ಕಾಣುವುದೂ ಉಂಟು. ಮೂರನೆಯದು ಉಗುರಿನ ಪರೀಕ್ಷೆ: ಬೆಲೆಬಾಳುವ ಹೊಸ ಕಾರ್ಡುಗಳ ಮೇಲ್ಮೈಯಲ್ಲಿ ಬೆರಳಚ್ಚಿನಂಥ ಸೂಕ್ಷ್ಮ ಗೀರುಗಳಿರುತ್ತವೆ, ಓರೆ ಬೆಳಕಿನಲ್ಲಿ ಕಾಣುತ್ತವೆ, ಉಗುರನ್ನು ಮೆಲ್ಲಗೆ ಸವರಿದರೆ ತಡೆಯುತ್ತದೆ. ನಕಲಿ ನುಣ್ಣಗಿರುತ್ತದೆ. ಕೊಳ್ಳುವ ಕಾರ್ಡನ್ನು ಉಗುರಿನಿಂದ ಮುಟ್ಟುವ ಮೊದಲು ಮಾರುವವರನ್ನು ಕೇಳಿ.

ಕೆಳಗಿನ ಮೂಲೆಯ ಸಂಖ್ಯೆಯನ್ನೂ ಓದಿ. 4/102 ಎಂದರೆ 102 ಕಾರ್ಡಿನ ಸೆಟ್ಟಿನಲ್ಲಿ ನಾಲ್ಕನೆಯದು. ಮೊದಲ ಸಂಖ್ಯೆ ಎರಡನೆಯದಕ್ಕಿಂತ ದೊಡ್ಡದಿದ್ದರೆ ಅದು ಮುದ್ರಣದ ತಪ್ಪಲ್ಲ, ಸೀಕ್ರೆಟ್ ರೇರ್, ಅಂದರೆ ಸೆಟ್ಟಿನ ಎಣಿಕೆಗೆ ಮೀರಿದ ಅಪರೂಪದ ಕಾರ್ಡು. ಈಚಿನ ಕಾರ್ಡುಗಳಲ್ಲಿ ಸಂಖ್ಯೆಯ ಹತ್ತಿರ ಪುಟ್ಟ ಚೌಕದೊಳಗೆ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ಟೂರ್ನಮೆಂಟಿನ ಸ್ಟ್ಯಾಂಡರ್ಡ್ ಆಟಕ್ಕೆ ಯಾವ ಅಕ್ಷರದ ಕಾರ್ಡು ನಡೆಯುತ್ತದೆ ಎನ್ನುವುದು ಆಗಾಗ ಬದಲಾಗುತ್ತದೆ. ಹಳೆಯ ಅಕ್ಷರದ ಕಾರ್ಡನ್ನು ಯಾರಾದರೂ ಅಗ್ಗಕ್ಕೆ ಕೊಡುತ್ತಿದ್ದರೆ ಅದು ಹೊರಬಿದ್ದಿದೆಯೋ ಎಂದು ಮೊದಲು ನೋಡಿಕೊಳ್ಳಿ.

ಅರವತ್ತರ ಲೆಕ್ಕ

ಡೆಕ್‌ನಲ್ಲಿ ಸರಿಯಾಗಿ 60 ಕಾರ್ಡು. ಒಂದೇ ಹೆಸರಿನದು ನಾಲ್ಕಕ್ಕಿಂತ ಹೆಚ್ಚು ಇರುವಂತಿಲ್ಲ, ಬೇಸಿಕ್ ಎನರ್ಜಿಗೆ (ದಾಳಿಗೆ ಬಲ ಕೊಡುವ ಕಾರ್ಡಿಗೆ) ಮಾತ್ರ ಮಿತಿಯಿಲ್ಲ. ಹೊಸಬರು ಮಾಡುವ ತಪ್ಪು ಇಷ್ಟವಾದ ಪೋಕೆಮಾನ್‌ಗಳನ್ನೆಲ್ಲ ಒಂದೊಂದು ಹಾಕಿ 25 ಎನರ್ಜಿ ತುಂಬುವುದು. ಇಂಥ ಡೆಕ್‌ನಲ್ಲಿ ಬೇಕಾದಾಗ ಬೇಕಾದದ್ದು ಬರುವುದಿಲ್ಲ. ಪೋಕೆಮಾನ್ 15ರಿಂದ 20, ಟ್ರೇನರ್ ಕಾರ್ಡು 30ರಿಂದ 35, ಎನರ್ಜಿ 8ರಿಂದ 12, ಇಲ್ಲಿಂದ ಶುರು ಮಾಡಿ. ಡೆಕ್‌ನ ಜೀವ ಇರುವುದು ಟ್ರೇನರ್ ಕಾರ್ಡಿನಲ್ಲೇ. ನೆಸ್ಟ್ ಬಾಲ್ ಬೇಸಿಕ್ ಪೋಕೆಮಾನ್ (ನೇರವಾಗಿ ಇಳಿಸಬಹುದಾದದ್ದು) ಒಂದನ್ನು ಡೆಕ್‌ನಿಂದ ನೇರ ಬೆಂಚಿಗೆ, ಅಂದರೆ ಹಿಂದೆ ಕಾಯುವ ಸಾಲಿಗೆ, ತರುತ್ತದೆ. ಅಲ್ಟ್ರಾ ಬಾಲ್ ಕೈಯ ಎರಡು ಕಾರ್ಡು ಬಲಿ ತೆಗೆದುಕೊಂಡು ಯಾವ ಪೋಕೆಮಾನ್ ಬೇಕಾದರೂ ಕೊಡುತ್ತದೆ. ಪ್ರೊಫೆಸರ್ಸ್ ರಿಸರ್ಚ್ ಕೈಯಲ್ಲಿದ್ದದ್ದನ್ನೆಲ್ಲ ಎಸೆದು ಹೊಸದಾಗಿ ಏಳು ಎತ್ತಿಸುತ್ತದೆ.

ಇಲ್ಲಿ ಒಂದಿಷ್ಟು ಗಣಿತ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಆಟದ ಆರಂಭದಲ್ಲಿ ಎತ್ತುವುದು ಏಳು ಕಾರ್ಡು. ಒಂದು ಕಾರ್ಡಿನ ನಾಲ್ಕು ಪ್ರತಿ ಹಾಕಿದರೂ ಆ ಏಳರಲ್ಲಿ ಒಂದಾದರೂ ಬರುವ ಸಾಧ್ಯತೆ ಸುಮಾರು 40 ಶೇಕಡಾ ಮಾತ್ರ. ಏಳರಲ್ಲಿ ಬೇಸಿಕ್ ಪೋಕೆಮಾನ್ ಒಂದೂ ಇಲ್ಲದಿದ್ದರೆ ಕೈ ತೋರಿಸಿ ಮತ್ತೆ ಕಲಸಬೇಕು, ಎದುರಾಳಿಗೆ ಪ್ರತಿ ಸಲಕ್ಕೂ ಒಂದು ಕಾರ್ಡು ಹೆಚ್ಚು ಎತ್ತುವ ಅವಕಾಶ. ಎಂಟು ಬೇಸಿಕ್ ಇದ್ದ ಡೆಕ್‌ನಲ್ಲಿ ಇದು ನೂರಕ್ಕೆ ಸುಮಾರು 35 ಸಲ ಆಗುತ್ತದೆ. ಹನ್ನೆರಡು ಇದ್ದರೆ 19ಕ್ಕೆ ಇಳಿಯುತ್ತದೆ. ಇನ್ನೊಂದು: ಆರು ಕಾರ್ಡು ಪ್ರೈಸ್ ಆಗಿ (ಎದುರಾಳಿಯ ಪೋಕೆಮಾನ್ ಬಿದ್ದಾಗ ಎತ್ತಿಕೊಳ್ಳುವ ಬಹುಮಾನ, ಆರನ್ನೂ ಎತ್ತಿದವರು ಗೆದ್ದಂತೆ) ಮುಚ್ಚಿ ಕೂರುವುದರಿಂದ, ಒಂದೇ ಪ್ರತಿ ಹಾಕಿದ ಯಾವ ಕಾರ್ಡೇ ಆಗಲಿ ಹತ್ತರಲ್ಲಿ ಒಂದು ಆಟದಲ್ಲಿ ಅಲ್ಲಿ ಸಿಕ್ಕಿಬಿದ್ದಿರುತ್ತದೆ. ಡೆಕ್‌ನ ಇಡೀ ಯೋಜನೆ ಒಂಟಿ ಕಾರ್ಡಿನ ಮೇಲೆ ನಿಲ್ಲಬಾರದು ಅನ್ನುವುದು ಇದಕ್ಕೇ.

ಡೆಕ್ ಪಕ್ವವಾಗುವವರೆಗೆ ಕಾರ್ಡಿನ ಹೆಸರನ್ನು ಚೀಟಿಯಲ್ಲಿ ಬರೆದು, ಬೇರೊಂದು ಕಾರ್ಡಿನ ಮುಂದೆ ಸ್ಲೀವ್‌ನೊಳಗೆ (ಕಾರ್ಡಿನ ಪ್ಲಾಸ್ಟಿಕ್ ಕವಚದೊಳಗೆ) ಸಿಕ್ಕಿಸಿ ಮನೆಯಲ್ಲಿ ಆಡಿ ನೋಡಿ. ಇಪ್ಪತ್ತು ಆಟವಾದ ಮೇಲೂ ಬೇಕೆನಿಸಿದರೆ ಕೊಳ್ಳಿ. ಟೂರ್ನಮೆಂಟಿಗೆ ಚೀಟಿ ನಡೆಯುವುದಿಲ್ಲ.

ಆಡಲು ಕೂತಾಗ

ಸ್ಲೀವ್ ಹಾಕದೆ ಕಲಸಬೇಡಿ. ಪೋಕೆಮಾನ್ ಕಾರ್ಡಿನ ಅಳತೆ 63×88 ಮಿಲಿಮೀಟರ್, ಅದಕ್ಕೆ 66×91ರ ಸ್ಟ್ಯಾಂಡರ್ಡ್ ಸ್ಲೀವ್ ಬೇಕು. ಯು-ಗಿ-ಓಹ್ ಕಾರ್ಡಿಗೆಂದು ಮಾಡಿದ ಸಣ್ಣ ಸ್ಲೀವ್‌ಗೆ ತುರುಕಿದರೆ ಮೂಲೆ ಮಡಚುತ್ತದೆ. ಇಸ್ಪೀಟು ಕಲಸುವ ಹಾಗೆ ಬಿಲ್ಲಿನಂತೆ ಬಗ್ಗಿಸಬೇಡಿ. ಡೆಕ್‌ನ ಎರಡು ಭಾಗವನ್ನು ಅಂಚಿಗೆ ಅಂಚು ಹಿಡಿದು ಒಂದರೊಳಗೊಂದು ನುಸುಳಿಸಿ, ಏಳೆಂಟು ಸಲ. ಮೇಜಿನ ಮೇಲೆ ಗುಪ್ಪೆಗುಪ್ಪೆಯಾಗಿ ಹಂಚಿ ಕೂಡಿಸುವುದು 60 ಇದೆಯೇ ಎಂದು ಎಣಿಸಲು ಸರಿ, ಅದು ಕಲಸುವಿಕೆಯಲ್ಲ. ಒಂದು ಸ್ಲೀವ್ ಹರಿದರೆ ಅದೇ ಪ್ಯಾಕಿನ ಇನ್ನೊಂದನ್ನು ಹಾಕಿ. ಹೊಳಪು ಬೇರೆಯಾದರೆ ಹಿಂದಿನಿಂದಲೇ ಕಾರ್ಡು ಗುರುತು ಸಿಗುತ್ತದೆ, ತೀರ್ಪುಗಾರರು ಶಿಕ್ಷೆ ಕೊಡುತ್ತಾರೆ.

ಸರದಿಯ ಆರಂಭದಲ್ಲಿ ಒಂದು ಕಾರ್ಡು ಎತ್ತಿ. ಒಂದು ಸರದಿಗೆ ಕೈಯಿಂದ ಒಂದೇ ಎನರ್ಜಿ, ಒಂದೇ ಸಪೋರ್ಟರ್ (ಪ್ರೊಫೆಸರ್ಸ್ ರಿಸರ್ಚ್‌ನಂಥ ಟ್ರೇನರ್ ಕಾರ್ಡು), ಒಂದೇ ರಿಟ್ರೀಟ್ (ಮುಂದೆ ನಿಂತ ಪೋಕೆಮಾನ್ ಬೆಂಚಿಗೆ ಸರಿಯುವುದು), ಐಟಂಗೆ (ನೆಸ್ಟ್ ಬಾಲ್‌ನಂಥ ಟ್ರೇನರ್ ಕಾರ್ಡಿಗೆ) ಮಿತಿಯಿಲ್ಲ. ದಾಳಿ ಮಾಡಿದ ಕ್ಷಣ ಸರದಿ ಮುಗಿಯಿತು. ಮೊದಲು ಆಡುವವರು ಮೊದಲ ಸರದಿಯಲ್ಲಿ ದಾಳಿ ಮಾಡುವಂತಿಲ್ಲ, ಸಪೋರ್ಟರ್ ಕೂಡ ಇಲ್ಲ. ಹೆಚ್ಚಿನವರು ಎಡವುವುದು ವೀಕ್‌ನೆಸ್ (ಒಂದು ಬಗೆಯ ದಾಳಿಗೆ ಪೋಕೆಮಾನ್‌ಗಿರುವ ದೌರ್ಬಲ್ಯ) ವಿಷಯದಲ್ಲಿ: ಅದು ಮುಂದೆ ನಿಂತ ಪೋಕೆಮಾನ್‌ಗೆ ಬಿದ್ದ ಪೆಟ್ಟನ್ನು ಮಾತ್ರ ಇಮ್ಮಡಿ ಮಾಡುತ್ತದೆ, ಬೆಂಚಿನಲ್ಲಿರುವುದಕ್ಕೆ ಅನ್ವಯಿಸುವುದಿಲ್ಲ. ಹೆಸರಿನ ಕೊನೆಗೆ ಎಕ್ಸ್ (ex) ಇರುವ, ಮೆಗಾ ಅಲ್ಲದ ಪೋಕೆಮಾನ್ ಸತ್ತರೆ ಎದುರಾಳಿಗೆ ಎರಡು ಪ್ರೈಸ್ ಹೋಗುತ್ತದೆ, ಆದ್ದರಿಂದ ಅಂಥ ಮೂರು ಬಿದ್ದರೆ ಆಟವೇ ಮುಗಿಯಿತು.

ಚೆನ್ನಾಗಿ ಆಡುವವರ ಒಂದು ಅಭ್ಯಾಸ ಕಲಿಯಿರಿ. ಮೊದಲ ಸಲ ಡೆಕ್ ತೆರೆದು ಹುಡುಕುವ ಅವಕಾಶ ಸಿಕ್ಕಾಗ ಬೇಕಾದ ಕಾರ್ಡನ್ನು ತಕ್ಷಣ ಎಳೆಯಬೇಡಿ. ಮುಖ್ಯವಾದ ಏಳೆಂಟು ಕಾರ್ಡುಗಳನ್ನು ಎಣಿಸಿ. ಕೈಯಲ್ಲೂ ಇಲ್ಲ, ಡೆಕ್‌ನಲ್ಲೂ ಇಲ್ಲ ಅಂದರೆ ಅದು ಪ್ರೈಸ್‌ನಲ್ಲಿದೆ. ಯೋಜನೆಯನ್ನು ಆಗಲೇ ಬದಲಿಸಬಹುದು.

ಮಳೆಗಾಲ

ಕರಾವಳಿ, ಮಲೆನಾಡಿನಲ್ಲಿ ಕಾರ್ಡು ಇಡುವವರಿಗೆ ಜೂನ್‌ನಿಂದ ಸೆಪ್ಟೆಂಬರ್ ನಿಜವಾದ ಪರೀಕ್ಷೆ. ಹೊಳೆಯುವ ಕಾರ್ಡಿನ ಮುಂಬದಿಯ ಫಾಯಿಲ್ ನೀರು ಹೀರುವುದಿಲ್ಲ, ಹಿಂದಿನ ಕಾಗದ ಹೀರಿ ಹಿಗ್ಗುತ್ತದೆ. ಹಾಗಾಗಿ ಕಾರ್ಡು ಮುಂದಕ್ಕೆ ದೊನ್ನೆಯ ಹಾಗೆ ಬಾಗುತ್ತದೆ. ತೀರಾ ಒಣ ಗಾಳಿಯಲ್ಲಿ ಉಲ್ಟಾ ಆಗುತ್ತದೆ. ಗಾಳಿಯ ತೇವ 45ರಿಂದ 50 ಶೇಕಡಾ ಇದ್ದರೆ ಕಾರ್ಡು ನೆಟ್ಟಗಿರುತ್ತದೆ.

ರಬ್ಬರ್ ಪಟ್ಟಿಯ ಮುಚ್ಚಳವಿರುವ ಗಾಳಿಯಾಡದ ಡಬ್ಬ ತನ್ನಿ. ಚಪ್ಪಲಿ ಪೆಟ್ಟಿಗೆಯಷ್ಟು ದೊಡ್ಡದಕ್ಕೆ 20–30 ಗ್ರಾಂ ಸಿಲಿಕಾ ಜೆಲ್ ಸಾಕು, ಜೊತೆಗೊಂದು ಪುಟ್ಟ ಡಿಜಿಟಲ್ ತೇವಮಾಪಕ. ಮಳೆ ಸುರಿಯುವಾಗ ಡಬ್ಬ ತುಂಬಬೇಡಿ, ಒಳಗೆ ಹೋದ ತೇವ ಅಲ್ಲೇ ಉಳಿಯುತ್ತದೆ. ಬಿಸಿಲು ಬಿದ್ದ ಮಧ್ಯಾಹ್ನ ತುಂಬಿ. ತೇವಮಾಪಕ 40ಕ್ಕಿಂತ ಕೆಳಗೆ ಹೋದರೆ ಸ್ವಲ್ಪ ಜೆಲ್ ಹೊರತೆಗೆಯಿರಿ. ಅಕ್ಕಿ ಹಾಕಬೇಡಿ, ಧೂಳು ಮತ್ತು ಹುಳ ಬರುತ್ತದೆ. ನುಸಿಗುಳಿಗೆಯೂ ಬೇಡ, ಅದರ ಆವಿ ಕೆಲವು ಪ್ಲಾಸ್ಟಿಕ್ ಅನ್ನು ಮೆದುವಾಗಿಸುತ್ತದೆ, ವಾಸನೆ ಕಾಗದ ಬಿಡುವುದಿಲ್ಲ. ಹೊರಗೋಡೆಗೆ ಒರಗಿದ ಕಬ್ಬಿಣದ ಬೀರುವಿನ ಕೆಳಗಿನ ಅರೆ ಎಲ್ಲಕ್ಕಿಂತ ಕೆಟ್ಟ ಜಾಗ.

ಬಾಗಿದ ಕಾರ್ಡಿಗೆ ಇಸ್ತ್ರಿ, ಹೇರ್ ಡ್ರೈಯರ್, ಬಿಸಿಲು ಯಾವುದೂ ಕೂಡದು. ಸ್ಲೀವ್ ಹಾಕಿ ಒಣ ಡಬ್ಬದಲ್ಲಿ ನಾಲ್ಕೈದು ದಿನ ಇಟ್ಟು, ಆಮೇಲೆ ಎರಡು ದಪ್ಪ ಪುಸ್ತಕದ ನಡುವೆ ಒಂದು ವಾರ.

ಬೈಂಡರ್ ಕೊಳ್ಳುವಾಗ ಬದಿಯಿಂದ ಕಾರ್ಡು ಹಾಕುವ, ಜಿಪ್ ಇರುವ, ಉಂಗುರ ಇಲ್ಲದ್ದನ್ನು ಆರಿಸಿ. ಉಂಗುರ ಒಳಗಿನ ಸಾಲಿನ ಕಾರ್ಡಿಗೆ ಒತ್ತಿ ಅರ್ಧಚಂದ್ರದ ಗುರುತು ಬೀಳಿಸುತ್ತದೆ. ಹೊಸ ರೆಗ್ಜಿನ್ ವಾಸನೆ ಬರುವ ಹಾಳೆ ಪಿವಿಸಿ ಇರಬಹುದು, ವರ್ಷಗಳಲ್ಲಿ ಅಂಟುತ್ತದೆ. ಪಿಪಿ (ಪಾಲಿಪ್ರೊಪಿಲೀನ್) ಎಂದು ಬರೆದದ್ದು ನೋಡಿ ತನ್ನಿ.

ಕೊರಿಯರ್‌ನಲ್ಲಿ ಕಳಿಸುವ ಕಾರ್ಡಿಗೆ ಮೊದಲು ಮೆತ್ತನೆಯ ತೆಳು ಸ್ಲೀವ್, ಆಮೇಲೆ ಟಾಪ್‌ಲೋಡರ್ ಎಂಬ ಗಟ್ಟಿ ಪ್ಲಾಸ್ಟಿಕ್ ಕವಚ. ಅದರ ಬಾಯಿಗೆ ಸೆಲ್ಲೋಟೇಪ್ ಅಂಟಿಸಿದರೆ ತೆಗೆಯುವಾಗ ಗೋಂದು ಕಾರ್ಡಿಗೆ ತಾಗುತ್ತದೆ. ಬಣ್ಣ ಬಳಿಯುವವರು ಬಳಸುವ ಮಾಸ್ಕಿಂಗ್ ಟೇಪ್ ಹಾಕಿ, ತುದಿಯನ್ನು ಒಂದು ಸೆಂಟಿಮೀಟರ್ ಮಡಚಿ ಬಿಡಿ. ಎರಡು ರಟ್ಟಿನ ನಡುವೆ ಇಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಆಮೇಲೆ ಲಕೋಟೆಗೆ ಹಾಕಿ. ಕಳಿಸುವ ಮುನ್ನ ನಾಲ್ಕು ಮೂಲೆ ಮತ್ತು ಹಿಂಬದಿಯ ಫೋಟೋ ತೆಗೆದಿಟ್ಟುಕೊಳ್ಳಿ. ಮೂಲೆಯ ಬಿಳಿಚು ಮೊದಲೇ ಇತ್ತೋ ದಾರಿಯಲ್ಲಿ ಆಯಿತೋ ಎಂಬ ಜಗಳ ಆ ಫೋಟೋದಲ್ಲೇ ತೀರುತ್ತದೆ.