ದಲ್ಲಾಳಿಯ ಕೈಯಲ್ಲಿ ಎರಡು ಟ್ರ್ಯಾಕ್ಟರ್

ನಾನು ಈವರೆಗೆ ಎರಡು ಟ್ರ್ಯಾಕ್ಟರ್ ಮಾರಿದ್ದೇನೆ, ಎರಡನ್ನೂ ದಲ್ಲಾಳಿಯ ಮೂಲಕವೇ. ಮೊದಲನೆಯದು 2016ರಲ್ಲಿ, ಎರಡನೆಯದು 2024ರಲ್ಲಿ. ಮೊದಲ ವ್ಯವಹಾರ ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಅದರ ತಾಪತ್ರಯ ಮೂರು ವರ್ಷ ಬೆನ್ನು ಬಿಡಲಿಲ್ಲ. ಎರಡನೆಯದಕ್ಕೆ ಎರಡು ತಿಂಗಳೇ ಹಿಡಿಯಿತು, ಆದರೆ ಆಮೇಲೆ ಒಂದು ದಿನವೂ ಅದರ ಚಿಂತೆ ಮಾಡಿಲ್ಲ. ಸವಣೂರು ತಾಲ್ಲೂಕಿನ ನಮ್ಮ ಊರಿನಲ್ಲಿ ಹಳೆಯ ಗಾಡಿ ಕೊಡಬೇಕೆಂದಿರುವವರು ಈಗ ನನ್ನ ಕಟ್ಟೆಗೆ ಬಂದು ಕೂರುತ್ತಾರೆ. ಅವರಿಗೆ ಹೇಳುವುದನ್ನೇ ಬರೆಯುತ್ತಿದ್ದೇನೆ.

ದಲ್ಲಾಳಿ ಎಂದರೆ ನನಗೆ ಚಿಕ್ಕಂದಿನಿಂದ ಗೊತ್ತು. ಅಪ್ಪನ ಜೊತೆ ಹಾವೇರಿಯ ದನದ ಸಂತೆಗೆ ಹೋಗುತ್ತಿದ್ದೆ. ದಲ್ಲಾಳಿ ಹೆಗಲ ಮೇಲಿನ ಟವೆಲ್ ತೆಗೆದು ಅಪ್ಪನ ಅಂಗೈ ಮೇಲೆ ಹಾಸಿ, ಅದರ ಕೆಳಗೆ ಬೆರಳು ಹಿಡಿದು ದರ ಕೇಳುತ್ತಿದ್ದ. ಆಮೇಲೆ ಅದೇ ಟವೆಲ್ ಕೊಳ್ಳುವವನ ಕೈ ಮೇಲೆ. ಸುತ್ತ ಹತ್ತು ಜನ ನಿಂತಿದ್ದರೂ ಎರಡೂ ಕಡೆಯ ದರ ಗೊತ್ತಿರುತ್ತಿದ್ದುದು ಅವನೊಬ್ಬನಿಗೆ. ಎತ್ತಿನ ವ್ಯಾಪಾರಕ್ಕೆ ಆ ಪದ್ಧತಿ ಒಗ್ಗುತ್ತದೆ. ದುಡ್ಡು ಕೊಟ್ಟು ಹಗ್ಗ ಹಿಡಿದುಕೊಂಡು ಹೋದ ಮೇಲೆ ಎತ್ತು ಕೊಂಡವನದೇ. ಟ್ರ್ಯಾಕ್ಟರ್ ಹಾಗಲ್ಲ. ಅದು ಬೇರೆಯವರ ಹೊಲದಲ್ಲಿ ಉಳುತ್ತಿದ್ದರೂ ಆರ್‌ಸಿಯಲ್ಲಿ, ಅಂದರೆ ನೋಂದಣಿ ಪತ್ರದಲ್ಲಿ, ನಮ್ಮ ಹೆಸರು ಇರುವ ತನಕ ನಮ್ಮದೇ.

2016ರಲ್ಲಿ ನನಗೆ ಈ ವ್ಯತ್ಯಾಸ ಹೊಳೆದಿರಲಿಲ್ಲ. ಮೂವತ್ತೈದು ಎಚ್‌ಪಿಯ ಗಾಡಿ, ಹತ್ತು ವರ್ಷ ದುಡಿದಿತ್ತು. ದಲ್ಲಾಳಿ ಬಂದು ಸುತ್ತಲೂ ನೋಡಿ, ‘ನಿಮ್ಮ ಕೈಗೆ ಎಷ್ಟು ಬರಬೇಕು, ಅಷ್ಟು ಹೇಳಿ. ಅದರ ಮೇಲೆ ಬಂದದ್ದು ನನ್ನದು. ಬೇರೆ ದಲಾಲಿ ಕೊಡುವುದೇ ಬೇಡ’ ಎಂದ. ದಲಾಲಿ ಉಳಿಯಿತಲ್ಲ ಎಂದು ನನಗೆ ಖುಷಿ. ಒಂದು ಲಕ್ಷದ ನಲವತ್ತು ಸಾವಿರ ಎಂದೆ. ಎಣಿಸಿ ಕೊಟ್ಟ. ಗಾಡಿಯ ಹೆಸರು ಬದಲಿಸಲು ಬೇಕಾದ ಫಾರ್ಮ್ 29 ಮತ್ತು 30 ಎರಡಕ್ಕೂ ಸಹಿ ಹಾಕಿಸಿಕೊಂಡ. ಕೊಳ್ಳುವವರ ಹೆಸರಿನ ಜಾಗ ಖಾಲಿ ಇತ್ತು. ‘ಗಿರಾಕಿ ಗೊತ್ತಾದ ಮೇಲೆ ತುಂಬುತ್ತೇನೆ ಗೌಡರೇ’ ಎಂದ. ಮೂಲ ಆರ್‌ಸಿ ಅವನ ಕೈಗೆ ಕೊಟ್ಟೆ, ಗಾಡಿ ಹೋಯಿತು.

ಒಂದು ಲಕ್ಷದ ಎಪ್ಪತ್ತೈದು ಸಾವಿರಕ್ಕೆ ಅದು ಕೈ ಬದಲಿಸಿತೆಂದು ಆಮೇಲೆ ತಿಳಿಯಿತು. ಮೂವತ್ತೈದು ಸಾವಿರ ಹೋಯಿತೆಂಬ ಸಂಕಟಕ್ಕಿಂತ ದೊಡ್ಡದು ಮುಂದೆ ಬಂದದ್ದು. 2017ರ ಕೊನೆಯಲ್ಲಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಿಂದ ನೋಟಿಸ್ ಬಂತು. ಆ ವರ್ಷದ ಫೆಬ್ರುವರಿಯಲ್ಲಿ ಹಾನಗಲ್ ಕಡೆಯ ರಸ್ತೆಯೊಂದರಲ್ಲಿ ನನ್ನ ಹಳೆಯ ಗಾಡಿ ಬೈಕ್ ಸವಾರರೊಬ್ಬರಿಗೆ ಬಡಿದಿತ್ತು. ಅವರ ಕಾಲು ಮುರಿದಿತ್ತು. ಅಷ್ಟರಲ್ಲಿ ಗಾಡಿ ಮೂರನೆಯವರ ಕೈಯಲ್ಲಿತ್ತು. ಯಾರೂ ಹೆಸರು ಬದಲಿಸಿಕೊಂಡಿರಲಿಲ್ಲ, ಆದ್ದರಿಂದ ಮಾಲೀಕನೆಂದು ನೋಟಿಸಿನಲ್ಲಿ ಇದ್ದದ್ದು ನನ್ನ ಹೆಸರು.

ಆ ರಾತ್ರಿ ಟ್ರಂಕಿನಲ್ಲಿದ್ದ ಕಾಗದಗಳನ್ನೆಲ್ಲ ನೆಲಕ್ಕೆ ಹರವಿ ವಿಮೆಯ ಪಾಲಿಸಿ ಹುಡುಕಿದೆ. ಅಪಘಾತವಾದ ದಿನಕ್ಕೆ ಅದರಲ್ಲಿ ಇನ್ನೂ ಹನ್ನೊಂದು ದಿನ ಬಾಕಿ ಇತ್ತು. ಹನ್ನೊಂದೇ ದಿನ. ಅದು ಮುಗಿದಿದ್ದರೆ ಪರಿಹಾರಕ್ಕಾಗಿ ನಮ್ಮ ಹೊಲದ ಮೇಲೆ ಕಣ್ಣು ಬೀಳುತ್ತಿತ್ತು. ಕೊನೆಗೆ ವಿಮಾ ಕಂಪನಿಯೇ ಹಣ ಕೊಟ್ಟಿತು, ಆದರೆ ಅಲ್ಲಿಯ ತನಕ ನಾನು ಅಲೆದದ್ದಕ್ಕೆ ಲೆಕ್ಕವಿಲ್ಲ. ‘ಗಾಡಿ ಮಾರಿದ್ದೇನೆ ಸಾಹೇಬರೇ, ಬಾಂಡ್ ಪೇಪರ್ ಇದೆ’ ಎಂದು ನಾನು ಹೇಳಿದಾಗ ನಮ್ಮ ವಕೀಲರು, 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ವಿಷಯ ತಿಳಿಸಿದರು. ಅದು ಒಬ್ಬರಿಂದ ಒಬ್ಬರಿಗೆ ಮಾರಾಟವಾಗುತ್ತ ಹೋದ ಕಾರಿನ ಪ್ರಕರಣ. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಹೊಣೆ ಅವರದೇ ಎಂದು ನ್ಯಾಯಾಲಯ ಹೇಳಿತ್ತು.

ಆ ದಲ್ಲಾಳಿಯನ್ನು ಕೆಟ್ಟವನೆಂದು ನಾನು ಹೇಳುವುದಿಲ್ಲ. ‘ಮೇಲಿನದು ನನ್ನದು’ ಎಂಬ ಮಾತಿನಲ್ಲೇ ತಪ್ಪಿತ್ತು. ಗಾಡಿ ಗಿರಾಕಿಯ ಕೈ ಸೇರಿದ ದಿನವೇ ಅವನ ಲಾಭ ಅವನ ಜೇಬಿಗೆ ಬಂದಿತ್ತು. ಆಮೇಲೆ ಆರ್‌ಟಿಒ ಕಚೇರಿಗೆ ಅಲೆದು ನನ್ನ ಹೆಸರು ತೆಗೆಸಲು ಅವನಿಗೆ ಕಾರಣವೇ ಇರಲಿಲ್ಲ.

ಎರಡನೆಯ ಗಾಡಿ ಮಹೀಂದ್ರ 575, 2014ರ ಮಾಡೆಲ್. ಮೀಟರ್ 4,800 ಗಂಟೆ ತೋರಿಸುತ್ತಿತ್ತು. 2023ರ ಬರದಲ್ಲಿ ಗೋವಿನಜೋಳ ಕೈಕೊಟ್ಟಿತು, ಬಾಡಿಗೆ ಕೆಲಸವೂ ಇರಲಿಲ್ಲ. ನಮ್ಮ ಹಾಗೆ ಮಾರಲು ಹೊರಟವರು ಬಹಳ ಜನ, ಕೊಳ್ಳುವವರು ಕಡಿಮೆ. ಆದರೂ ಯುಗಾದಿಯಿಂದ ಮುಂಗಾರಿನ ತನಕ ಗಿರಾಕಿ ಓಡಾಡುವ ಕಾಲವೆಂದು ಅದೇ ವೇಳೆಗೆ ಇಟ್ಟುಕೊಂಡೆ. ಬಿತ್ತನೆ ಶುರುವಾದ ಮೇಲೆ ಯಾರೂ ಹಳೆಯ ಗಾಡಿ ನೋಡಲು ಬರುವುದಿಲ್ಲ.

ಈ ಸಲದ ದಲ್ಲಾಳಿ ಮೊದಲು ಗಾಡಿ ರಿಪೇರಿಯ ಮಿಸ್ತ್ರಿಯಾಗಿದ್ದವರು, ವಯಸ್ಸಿನಲ್ಲಿ ಹಿರಿಯರು. ನಾನು ಅವರನ್ನು ಕಾಕಾ ಎನ್ನುತ್ತೇನೆ. ಮೊದಲ ಮಾತಿನಲ್ಲೇ ನನ್ನ ಷರತ್ತು ಹೇಳಿದೆ. ‘ಕಾಕಾ, ದರ ಮೂವರೂ ಕೂತು ಆಡಬೇಕು. ನಿಮಗೆ ನೂರಕ್ಕೆ ಎರಡು. ಅರ್ಧ ದುಡ್ಡು ಬಂದ ದಿನ, ಇನ್ನರ್ಧ ಆರ್‌ಸಿಯಲ್ಲಿ ಹೆಸರು ಬದಲಾದ ದಿನ.’ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಕೊಳ್ಳುವವರಿಂದಲೂ ದಲಾಲಿ ಪಡೆಯುತ್ತೀರಾ ಎಂದು ಕೇಳಿದೆ. ‘ಹೌದಪ್ಪ, ಒಂದು ಪರ್ಸೆಂಟ್’ ಎಂದರು. ಮುಚ್ಚಿಡದೆ ಹೇಳಿದರಲ್ಲ, ಇವರನ್ನೇ ಹಿಡಿಯಬೇಕೆಂದು ಆಗಲೇ ತೀರ್ಮಾನಿಸಿದೆ. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿದೆವು.

ಗಾಡಿ ತೋರಿಸುವ ಮೊದಲು ಕಾಗದ ಸರಿಮಾಡಿಕೊಳ್ಳಿ ಎಂದರು ಕಾಕಾ. ಇಲ್ಲಿ ನನಗೆ ಒಂದು ತಿಂಗಳು ಹೋಯಿತು. ಸಾಲ ತೀರಿ ಮೂರು ವರ್ಷವಾಗಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೆಯೇ ಇತ್ತು. ಕಂತು ಕಟ್ಟಿ ಮುಗಿಸಿದರೆ ಅದು ತಾನಾಗಿ ಹೋಗುತ್ತದೆಂದು ನಾನು ತಿಳಿದಿದ್ದೆ. ಬ್ಯಾಂಕಿನಿಂದ ಎನ್‌ಒಸಿ (ಬಾಕಿ ಇಲ್ಲ, ಆಕ್ಷೇಪಣೆ ಇಲ್ಲ ಎಂಬ ಪತ್ರ) ಮತ್ತು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಲು ಬೇಕಾದ, ಅವರ ಸಹಿ, ಮೊಹರು ಇರುವ ಫಾರ್ಮ್ 35 ತಂದು ಆರ್‌ಟಿಒ ಕಚೇರಿಗೆ ಕೊಟ್ಟ ಮೇಲಷ್ಟೇ ತೆಗೆದರು. ಸಾಲಕ್ಕೆ ಹೊಲ ಅಡವಿಟ್ಟಿದ್ದವರು ಅದರ ಜೊತೆಗೆ ಪಹಣಿಯ ಹನ್ನೊಂದನೆಯ ಕಾಲಂ ಕೂಡ ನೋಡಬೇಕು. ನನ್ನದರಲ್ಲಿ ಬೋಜಾ, ಅಂದರೆ ಸಾಲದ ನಮೂದು, ಇನ್ನೂ ಕೂತಿತ್ತು. ಅದನ್ನು ಇಳಿಸಲು ತಹಶೀಲ್ದಾರರ ಕಚೇರಿಗೆ ಬೇರೆ ಓಡಾಟ.

ಬಣ್ಣ ಹೊಡೆಸಬೇಕೆಂದಿದ್ದೆ. ಕಾಕಾ ಬೇಡವೆಂದರು. ಹೊಸ ಬಣ್ಣ ಕಂಡರೆ ಗಿರಾಕಿ ಅದರ ಅಡಿಯಲ್ಲಿ ಬೆಸುಗೆ ಹುಡುಕುತ್ತಾನೆ ಎಂಬುದು ಅವರ ಮಾತು. ಮುಂದಿನ ಟೈರ್ ಬದಲಿಸುವುದೂ ಬೇಡ, ಹಾಕಿದ ದುಡ್ಡು ಹಿಂದೆ ಬರುವುದಿಲ್ಲ ಎಂದರು. ಬ್ಯಾಟರಿ ಮತ್ತು ಸೋರುತ್ತಿದ್ದ ಒಂದು ಆಯಿಲ್ ಸೀಲ್ ಮಾತ್ರ ಹೊಸದು ಹಾಕಿಸಿದೆ. ಇಂಜಿನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿದೆ. ಹೈಡ್ರಾಲಿಕ್ ಲಿಫ್ಟ್ ಸ್ವಲ್ಪ ಇಳಿಯುತ್ತದೆ ಎಂಬುದನ್ನು ನಾನೇ ಕಾಕಾಗೆ ಹೇಳಿದ್ದೆ. ಅವರು ಫೋನಿನಲ್ಲೇ ಪ್ರತಿ ಗಿರಾಕಿಗೂ ಅದನ್ನು ಮೊದಲು ತಿಳಿಸುತ್ತಿದ್ದರು. ‘ಆಮೇಲೆ ಕಂಡುಹಿಡಿದರೆ ಹತ್ತು ಸಾವಿರ ಇಳಿಸುತ್ತಾರೆ, ಮೊದಲೇ ಹೇಳಿದರೆ ಎರಡು ಸಾವಿರ’ ಎಂದು ಅವರ ಲೆಕ್ಕ. ಕೆಲವರು ಅದನ್ನು ಕೇಳಿಯೇ ಬರಲಿಲ್ಲ. ಬಂದವರು ನಂಬಿಕೆಯಿಂದ ಬಂದರು.

ಕೊಂಡವರು ಬ್ಯಾಡಗಿ ತಾಲ್ಲೂಕಿನವರು, ಮೆಣಸಿನಕಾಯಿ ಬೆಳೆಯುವ ಮನೆತನ. ಜೊತೆಗೆ ತಮ್ಮ ಮಿಸ್ತ್ರಿಯನ್ನು ಕರೆತಂದರು. ಬೆಳಿಗ್ಗೆ ಆರೂವರೆ ಗಂಟೆ. ‘ಅವರು ಬರುವ ಮೊದಲು ಗಾಡಿ ಚಾಲೂ ಮಾಡಬೇಡ’ ಎಂದು ಕಾಕಾ ಹಿಂದಿನ ದಿನವೇ ಎಚ್ಚರಿಸಿದ್ದರು. ಅದರ ಅರ್ಥ ಆಗ ತಿಳಿಯಿತು. ಮಿಸ್ತ್ರಿ ಯಾರನ್ನೂ ಮಾತನಾಡಿಸದೆ ನೇರವಾಗಿ ಹೋಗಿ ಇಂಜಿನ್ ಮೇಲೆ ಅಂಗೈ ಇಟ್ಟ. ತಣ್ಣಗಿತ್ತು. ಆಮೇಲೆ ಕೀಲಿ ತಿರುಗಿಸಿದ. ಒಂದೇ ಸಲಕ್ಕೆ ಎದ್ದಿತು. ಹೊಗೆ ಕೊಳವೆಯತ್ತ ನೋಡುತ್ತ ನಿಂತ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಕುಡಿಯುತ್ತಿದೆ ಎಂದರ್ಥ, ಬರಲಿಲ್ಲ. ಆಯಿಲ್ ಹಾಕುವ ಬಾಯಿಯ ಮುಚ್ಚಳ ಬಿಚ್ಚಿ, ತಿರುಗಿಸಿ ಅದರ ಮೇಲೆಯೇ ಸುಮ್ಮನೆ ಇಟ್ಟ. ಒಳಗಿನಿಂದ ಗಾಳಿ ಹೊಡೆದು ಮುಚ್ಚಳ ಕುಣಿದರೆ ಪಿಸ್ಟನ್ ರಿಂಗ್ ಸವೆದಿವೆ, ಅದಕ್ಕೆ ಮಿಸ್ತ್ರಿಗಳು ಬ್ಯಾಕ್ ಕಂಪ್ರೆಷನ್ ಎನ್ನುತ್ತಾರೆ. ಮುಚ್ಚಳ ಸಣ್ಣಗೆ ನಡುಗಿತು, ಬೀಳಲಿಲ್ಲ. ನಾನು ಉಸಿರು ಬಿಟ್ಟೆ. ಕೊನೆಗೆ ಕಲ್ಟಿವೇಟರ್ ಎತ್ತಿಸಿ, ಇಂಜಿನ್ ಬಂದ್ ಮಾಡಿ, ‘ಚಹಾ ಕುಡಿಯೋಣ’ ಎಂದ. ಚಹಾ ಮುಗಿಸಿ ಬರುವಷ್ಟರಲ್ಲಿ ಹಲ್ಲುಗಳು ನಾಲ್ಕು ಬೆರಳು ಇಳಿದಿದ್ದವು. ಬೆರಳಿಟ್ಟು ಅಳೆದು, ‘ಇವರು ಹೇಳಿದಷ್ಟೇ ಇದೆ’ ಎಂದು ತನ್ನ ಯಜಮಾನರಿಗೆ ತಿಳಿಸಿದ. ದರ ಕುದುರಿದ್ದು ಆ ಒಂದು ಮಾತಿನಿಂದ ಎಂದು ನಾನು ಇಂದಿಗೂ ನಂಬುತ್ತೇನೆ.

ನಾನು ಮೂರು ಲಕ್ಷದ ಅರವತ್ತು ಸಾವಿರ ಹೇಳಿದ್ದೆ. ಅವರು ಮೂರು ಇಪ್ಪತ್ತರಿಂದ ಶುರುಮಾಡಿದರು. ಆ ಮಾರ್ಚ್‌ನಲ್ಲಿ ಮೆಣಸಿನಕಾಯಿ ದರ ಕುಸಿದು ಬ್ಯಾಡಗಿ ಮಾರುಕಟ್ಟೆಯಲ್ಲಿ ದೊಡ್ಡ ಗಲಾಟೆಯೇ ಆಗಿತ್ತು, ಅವರ ಕೈಯೂ ಬಿಗಿ ಎಂಬುದು ನನಗೆ ಗೊತ್ತಿತ್ತು. ಕಾಕಾ ನಡುವೆ ಕೂತು ಇಬ್ಬರಿಗೂ ಕೇಳುವಂತೆಯೇ ಮಾತನಾಡಿದರು. 3,42,000ಕ್ಕೆ ಮುಗಿಯಿತು. ಇಪ್ಪತ್ತು ಸಾವಿರ ಸಂಚಕಾರ (ಮುಂಗಡ) ಕೊಟ್ಟರು.

ಉಳಿದದ್ದನ್ನು ನಗದಾಗಿ ತರುತ್ತೇವೆ ಎಂದರು. ನಾನು ಒಪ್ಪಲಿಲ್ಲ. ಒಂದು ವ್ಯವಹಾರದಲ್ಲಿ ಎರಡು ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ ಎಂಬ ನಿಯಮ 2017ರ ಏಪ್ರಿಲ್‌ನಿಂದ ಇದೆ. ಪಡೆದವರಿಗೇ ದಂಡ. ಅದು ಲೋಕಸಭಾ ಚುನಾವಣೆಯ ಕಾಲ ಬೇರೆ, ಮೇ 7ರಂದು ನಮ್ಮಲ್ಲಿ ಮತದಾನ. ಐವತ್ತು ಸಾವಿರಕ್ಕಿಂತ ಹೆಚ್ಚು ನಗದು ಕೊಂಡೊಯ್ದರೆ ಚೆಕ್‌ಪೋಸ್ಟ್‌ನಲ್ಲಿ ದಾಖಲೆ ಕೇಳುತ್ತಿದ್ದರು. ಅದನ್ನು ಹೇಳಿದ ಮೇಲೆ ಅವರೇ ಬ್ಯಾಂಕಿಗೆ ಹೋಗಿ ನನ್ನ ಖಾತೆಗೆ ಹಾಕಿದರು.

ಈ ಸಲ ಖಾಲಿ ಫಾರ್ಮಿಗೆ ಸಹಿ ಮಾಡಲಿಲ್ಲ. ಕೊಳ್ಳುವವರ ಹೆಸರು, ವಿಳಾಸ, ಆಧಾರ್ ಪ್ರತಿ ಎಲ್ಲ ಮುಂದಿಟ್ಟುಕೊಂಡು ತುಂಬಿದ ಮೇಲೆ ಸಹಿ. ಚಾಸಿ ನಂಬರಿನ ಪೆನ್ಸಿಲ್ ಅಚ್ಚನ್ನೂ ಅಂಗಳದಲ್ಲೇ ತೆಗೆದೆವು. ಹತ್ತು ವರ್ಷದ ಗ್ರೀಸು, ಮಣ್ಣು ಗಟ್ಟಿಯಾಗಿ ಕೂತಿತ್ತು. ಮಗ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ತೆಳು ಕಾಗದ ಅಂಟಿಸಿ, ಪೆನ್ಸಿಲ್ ಆಡಿಸಿದ. ಒಂದೊಂದೇ ಅಂಕಿ ಬಿಳಿಯಾಗಿ ಮೂಡಿತು. ಆರ್‌ಸಿಯ ಅಂಕಿಯೊಂದಿಗೆ ಹೊಂದಿಸಿ ನೋಡಿದೆವು. ಮಾರಿದ ಹದಿನಾಲ್ಕು ದಿನದೊಳಗೆ ಮಾರಿದವರು ಆರ್‌ಟಿಒಗೆ ತಿಳಿಸಬೇಕು, ಕೊಂಡವರಿಗೆ ಮೂವತ್ತು ದಿನ. ಅಷ್ಟು ಕಾಯುವುದು ಬೇಡವೆಂದು ಮೂವರೂ ಒಂದೇ ದಿನ ಹಾವೇರಿಗೆ ಹೋದೆವು. ನನ್ನ ಮೊಬೈಲಿಗೆ ಬಂದ ಓಟಿಪಿಯನ್ನು ಅಲ್ಲಿಯೇ, ನನ್ನ ಕಣ್ಣೆದುರಿಗೇ ಕೊಟ್ಟೆ. ವಿಮೆಯನ್ನೂ ಅವರ ಹೆಸರಿಗೆ ಮಾಡಿಸಲು ಅದೇ ದಿನ ಅರ್ಜಿ ಹಾಕಿಸಿದೆವು.

ಗಾಡಿ ಒಯ್ಯುವುದು ಮಾತ್ರ ಬಸವ ಜಯಂತಿಗೇ ಎಂದು ಅವರ ಮನೆಯವರ ಆಸೆ. ಅಮಾವಾಸ್ಯೆ ಕಳೆದು ಮೇ 10ರಂದು ಬಂದರು. ಹೆಣ್ಣುಮಕ್ಕಳು ಗಾಡಿಗೆ ಕುಂಕುಮ ಹಚ್ಚಿ, ಕಾಯಿ ಒಡೆದರು. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಹೊರಟರು. ಗಂಟೆ, ನಿಮಿಷ ಹಾಕಿ ಬರೆದ ಒಪ್ಪಿಸಿದ ಚೀಟಿಗೆ ಅವರ ಸಹಿ ಪಡೆದುಕೊಂಡೆ. ಶುಭದಿನದಂದು ಚೀಟಿ ಕೇಳಿದ್ದಕ್ಕೆ ಹಿರಿಯರೊಬ್ಬರ ಮುಖ ಬಾಡಿತು. 2017ರ ನೋಟಿಸ್ ಕಥೆಯನ್ನು ಚಿಕ್ಕದಾಗಿ ಹೇಳಿದೆ. ಅವರೇ ಪೆನ್ನು ಕೇಳಿ ಸಾಕ್ಷಿ ಸಹಿ ಹಾಕಿದರು.

ಮೂರು ವಾರದ ಮೇಲೆ ಹೊಸ ಆರ್‌ಸಿಯ ಫೋಟೊ ಕಾಕಾ ನನ್ನ ಮೊಬೈಲಿಗೆ ಕಳಿಸಿದರು. ಒಟ್ಟು ದಲಾಲಿ 6,840 ರೂಪಾಯಿ. ಅದರಲ್ಲಿ ಉಳಿದಿದ್ದ 3,420ನ್ನು ಅಂದೇ ಸಂಜೆ ಅವರ ಮನೆಗೆ ಹೋಗಿ ಕೊಟ್ಟು ಬಂದೆ.

ಟ್ರೇಲರ್ ಇನ್ನೂ ನಮ್ಮ ಕಣದಲ್ಲಿದೆ. ಅದಕ್ಕೆ ಬೇರೆ ನಂಬರ್, ಬೇರೆ ಆರ್‌ಸಿ. ಟ್ರ್ಯಾಕ್ಟರಿನ ಜೊತೆ ಹಾಗೆಯೇ ಕೊಟ್ಟುಬಿಡಿ ಎಂದು ಅವರು ಕೇಳಿದ್ದರು. ಅದರ ಕಾಗದ ಸರಿಯಾಗುವ ತನಕ ಕೊಡುವುದಿಲ್ಲ ಎಂದೆ. ಬರುವ ಯುಗಾದಿಯ ನಂತರ ಮತ್ತೆ ಕಾಕಾಗೆ ಹೇಳಬೇಕು.