ಊಟದ ಮೇಜಿನಿಂದ ಹಿಂದಕ್ಕೆ ಲೆಕ್ಕ ಹಾಕಿ: ಕ್ಲಬ್ಬಿನ ಸೈಕಲ್ ಸವಾರಿ ನಡೆಸುವ ಬಗೆ

ಬ್ರಿಟನ್ನಿನ ಸೈಕಲ್ ಕ್ಲಬ್ಬುಗಳಲ್ಲಿ ಭಾನುವಾರದ ಸವಾರಿಗೂ ಹಳ್ಳಿಯ ಪಬ್ಬಿನ ಊಟಕ್ಕೂ ಬಹಳ ಹಳೆಯ ನಂಟು. 1878ರಲ್ಲಿ ಹ್ಯಾರೊಗೇಟ್‌ನಲ್ಲಿ ಹುಟ್ಟಿದ ಬೈಸಿಕಲ್ ಟೂರಿಂಗ್ ಕ್ಲಬ್, ಅಂದರೆ ಇಂದಿನ ಸೈಕ್ಲಿಂಗ್ ಯುಕೆ, ಸವಾರರನ್ನು ಆದರಿಸುವ ಹೋಟೆಲುಗಳ ಗೋಡೆಗೆ ರೆಕ್ಕೆಯುಳ್ಳ ಚಕ್ರದ ಲೋಹದ ಫಲಕ ಕೊಡುತ್ತಿತ್ತು. ಹಳೆಯ ಕಟ್ಟಡಗಳ ಮೇಲೆ ಅದು ಈಗಲೂ ಅಲ್ಲಲ್ಲಿ ಕಾಣಸಿಗುತ್ತದೆ. ಸವಾರಿ ನಡೆಸುವ ಸರದಿ ಮೊದಲ ಬಾರಿಗೆ ನಿಮಗೆ ಬಂದಿದ್ದರೆ, ನಕ್ಷೆ ಬಿಡಿಸುವ ಮುನ್ನ ಪಬ್ಬಿಗೆ ಫೋನ್ ಮಾಡಿ.

ಭಾನುವಾರ ರೋಸ್ಟ್ ಊಟಕ್ಕೆಂದು, ಅಂದರೆ ಒಲೆಯಲ್ಲಿ ಹುರಿದ ಮಾಂಸ, ತರಕಾರಿಯ ಊಟಕ್ಕೆಂದು, ಕುಟುಂಬಗಳು ಮೊದಲೇ ಮೇಜು ಕಾದಿರಿಸಿರುತ್ತವೆ. ಹನ್ನೆರಡು ಮಂದಿ ಹೇಳದೆ ಕೇಳದೆ ಒಳನುಗ್ಗಿದರೆ ಅಡುಗೆಯವರಿಗೂ ಕಷ್ಟ, ನಿಮಗೂ ಹಸಿವು. ಅಡುಗೆಮನೆ ಎಷ್ಟು ಹೊತ್ತಿಗೆ ಮುಚ್ಚುತ್ತದೆ, ಸೂಪು, ಸ್ಯಾಂಡ್‌ವಿಚ್‌ನಂಥ ಹಗುರ ಊಟ ಸಿಗುತ್ತದೆಯೇ, ಸೈಕಲ್ಲುಗಳನ್ನು ಹಿತ್ತಿಲಿನ ತೋಟದಲ್ಲಿ ನಿಲ್ಲಿಸಬಹುದೇ, ಇಷ್ಟನ್ನು ಕೇಳಿಕೊಳ್ಳಿ. ಏನು ಬೇಕೆಂದು ಹಿಂದಿನ ದಿನವೇ ತಿಳಿಸಿಬಿಟ್ಟರೆ ಇನ್ನೂ ಒಳ್ಳೆಯದು.

ಇನ್ನು ಹಿಂದಕ್ಕೆ ಲೆಕ್ಕ ಹಾಕಿ. ಹನ್ನೆರಡೂಕಾಲಿಗೆ ಮೇಜು, ಪಬ್ಬಿಗೆ 30 ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಒಂದು ಗಂಟೆ ನಲವತ್ತು ನಿಮಿಷ ಬೇಕು. ಒಂದು ಪಂಕ್ಚರ್, ಒಂದು ದಾರಿ ತಪ್ಪುವಿಕೆ, ಒಂದು ದೊಡ್ಡ ಏರು, ಇವಕ್ಕೆ ಅರ್ಧ ಗಂಟೆ ಸೇರಿಸಿ. ಹತ್ತು ಗಂಟೆಗೆ ಹೊರಟರೆ ಸರಿಯಾಗುತ್ತದೆ. ದಾರಿಯ ದೊಡ್ಡ ಪಾಲು ಊಟಕ್ಕೆ ಮೊದಲೇ ಮುಗಿಯಲಿ. ಹಿಂದಿರುಗುವ ದಾರಿ 20 ಕಿಲೋಮೀಟರ್ ಮೀರದಿರಲಿ. ಡಿಸೆಂಬರಿನಲ್ಲಿ ಲಂಡನ್ನಿನಲ್ಲೇ ನಾಲ್ಕು ಗಂಟೆಗೆ ಮುಂಚೆ ಸೂರ್ಯ ಮುಳುಗುತ್ತಾನೆ. ಚಳಿಗಾಲದಲ್ಲಿ ಎಲ್ಲರ ಸೈಕಲ್ಲಿಗೂ ದೀಪವಿರಬೇಕು, ಹಿಂದಿನವರ ಮುಖಕ್ಕೆ ಕೆಸರು ಹಾರದಂತೆ ಮಡ್‌ಗಾರ್ಡ್ ಇರಬೇಕು.

ಲೆಕ್ಕಕ್ಕೆ ಹಿಡಿಯಬೇಕಾದದ್ದು ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ಹೋಗುವವರ ವೇಗ. ಇದರಲ್ಲಿ ನನಗೆ ರಾಜಿಯಿಲ್ಲ. ಮೊದಲ ಸಲ ಬಂದವರು ಒಂಟಿಯಾಗಿ, ಬೆವರುತ್ತ, ಎಲ್ಲರೂ ತಟ್ಟೆ ಖಾಲಿ ಮಾಡಿದ ಮೇಲೆ ಪಬ್ಬಿನ ಬಾಗಿಲಿಗೆ ಬಂದರೆ ಮುಂದಿನ ವಾರ ಅವರು ಬರುವುದಿಲ್ಲ.

ಹೊರಡುವ ಮುನ್ನ ಟೈರಿನ ಗಾಳಿ, ಬ್ರೇಕು, ಚೈನು ಪರೀಕ್ಷಿಸಲು ಐದು ನಿಮಿಷ ಸಾಕು. ತನ್ನ ಚಕ್ರದ ಅಳತೆಗೆ ಹೊಂದುವ ಟ್ಯೂಬನ್ನು ಪ್ರತಿಯೊಬ್ಬರೂ ತಂದಿರಬೇಕು. ಪಂಪು, ಟೈರ್ ಬಿಚ್ಚುವ ಲಿವರ್‌ಗಳು ಗುಂಪಿನಲ್ಲಿ ಎರಡು ಮೂರು ಜತೆಯಿದ್ದರೆ ನಡೆಯುತ್ತದೆ.

ದಾರಿಯ ಮೇಲೆ

ಅನುಭವಿ ಸವಾರರೊಬ್ಬರನ್ನು ಬಾಲದಲ್ಲಿ ನಿಲ್ಲಿಸಿ. ಅವರ ಹಿಂದೆ ಯಾರೂ ಇರಕೂಡದು. ತಿರುವು ಬಂದಾಗ ನಿಮ್ಮ ಹಿಂದಿನವರೊಬ್ಬರು ಅಲ್ಲೇ ನಿಂತು ದಾರಿ ತೋರಿಸಲಿ. ಬಾಲದವರು ಬಂದ ಮೇಲೆ ಗುಂಪಿಗೆ ಸೇರಿಕೊಳ್ಳಲಿ. ಏರಿನಲ್ಲಿ ಪ್ರತಿಯೊಬ್ಬರೂ ತಮ್ಮ ಶಕ್ತಿಗೆ ತಕ್ಕಂತೆ ಹತ್ತಲಿ, ಮೇಲೆ ಎಲ್ಲರೂ ಕಾಯಲಿ. ಕೊನೆಯವರು ಬಂದ ಕ್ಷಣವೇ ಹೊರಡುವುದು ಬಹಳ ಕಡೆ ಕಾಣುವ ತಪ್ಪು. ಹೆಚ್ಚು ದಣಿದವರಿಗೇ ವಿಶ್ರಾಂತಿ ಸಿಗದಂತಾಗುತ್ತದೆ. ಅವರು ನೀರು ಕುಡಿದು ಉಸಿರು ತೆಗೆದುಕೊಳ್ಳಲಿ.

ಹೊಸಬರಿಗೆ ಹೇಳಲೇಬೇಕಾದ ಮಾತು: ನಿಮ್ಮ ಮುಂದಿನ ಚಕ್ರ ಇನ್ನೊಬ್ಬರ ಹಿಂದಿನ ಚಕ್ರದ ಪಕ್ಕಕ್ಕೆ ನುಸುಳದಿರಲಿ. ಮುಂದಿನವರು ಸ್ವಲ್ಪ ವಾಲಿದರೂ ಚಕ್ರ ತಾಗುತ್ತದೆ, ಬೀಳುವವರು ಹೆಚ್ಚಾಗಿ ಹಿಂದಿನವರೇ. ಗುಂಡಿ ಕಂಡರೆ ಬೆರಳಿನಿಂದ ತೋರಿಸಿ, ಬಾಯಿಂದಲೂ ಕೂಗಿ. ‘ಕಾರ್ ಅಪ್’ ಎಂಬ ಕೂಗು ಒಂದು ಕ್ಲಬ್ಬಿನಲ್ಲಿ ಮುಂದಿನ ಕಾರಿಗೆ, ಮತ್ತೊಂದರಲ್ಲಿ ಹಿಂದಿನ ಕಾರಿಗೆ ಸಲ್ಲುತ್ತದೆ. ಆದ್ದರಿಂದ ಮುಂದೆ, ಹಿಂದೆ ಎಂದು ಸ್ಪಷ್ಟವಾಗಿ ಹೇಳುವುದೇ ಕ್ಷೇಮ.

ಜೋಡಿ ಸಾಲಿನಲ್ಲಿ ಹೋಗುವುದು ಬ್ರಿಟನ್ನಿನಲ್ಲಿ ತಪ್ಪಲ್ಲ. 2022ರಲ್ಲಿ ತಿದ್ದುಪಡಿಯಾದ ಹೈವೇ ಕೋಡ್, ಅಂದರೆ ಅಲ್ಲಿನ ರಸ್ತೆ ನಿಯಮಗಳ ಕೈಪಿಡಿ, ದೊಡ್ಡ ಗುಂಪಿನಲ್ಲಿ ಹಾಗೆ ಹೋಗುವುದು ಹೆಚ್ಚು ಸುರಕ್ಷಿತವಾಗಿರಬಹುದು ಎನ್ನುತ್ತದೆ. ಹಿಂದಿನ ವಾಹನಕ್ಕೆ ಸುರಕ್ಷಿತವಾದ ಜಾಗದಲ್ಲಿ ದಾರಿ ಬಿಟ್ಟುಕೊಡಿ ಎಂದೂ ಅದು ಹೇಳುತ್ತದೆ. ಇಕ್ಕಟ್ಟಿನ ಹಳ್ಳಿ ರಸ್ತೆಯಲ್ಲಿ ಒಂಟಿ ಸಾಲಿಗೆ ಬನ್ನಿ, ಬೇಕಾದರೆ ನಿಲ್ಲಿ.

ಪಬ್ಬಿನಲ್ಲಿ

ಕೆಸರಿನ ಬೂಟುಗಳನ್ನು ಹೊರಗೇ ಒರೆಸಿಕೊಳ್ಳಿ. ಅಡಿಯಲ್ಲಿ ಪೆಡಲಿಗೆ ಸಿಕ್ಕಿಸುವ ಲೋಹದ ಕ್ಲೀಟ್ ಇದ್ದರೆ ಮರದ ನೆಲ ಗೀರುತ್ತದೆ. ಒದ್ದೆ ಅಂಗಿಯಲ್ಲಿ ಮೆತ್ತನೆಯ ಕುರ್ಚಿಗೆ ಕೂರಬೇಡಿ. ಬಹುತೇಕ ಪಬ್ಬುಗಳಲ್ಲಿ ಕೌಂಟರಿಗೆ ಹೋಗಿ, ಮೇಜಿನ ಸಂಖ್ಯೆ ಹೇಳಿ, ಹಣ ಕೊಟ್ಟು ಬರಬೇಕು. ಒಬ್ಬೊಬ್ಬರೂ ತಮ್ಮದನ್ನು ಆಗಲೇ ಕೊಟ್ಟರೆ ಕೊನೆಯಲ್ಲಿ ಬಿಲ್ಲಿನ ಗೊಂದಲವಿರುವುದಿಲ್ಲ. ಕುಡಿದು ಹತೋಟಿ ತಪ್ಪಿ ಸೈಕಲ್ ಓಡಿಸುವುದು 1988ರ ರಸ್ತೆ ಸಂಚಾರ ಕಾಯ್ದೆಯ ಪ್ರಕಾರ ಅಪರಾಧ. ಬಿಯರ್ ಬೇಕೆನಿಸಿದವರು ಅರ್ಧ ಪಿಂಟ್‌ಗೆ (ಸುಮಾರು 280 ಮಿಲಿಲೀಟರ್) ನಿಲ್ಲಿಸುವುದು ಒಳ್ಳೆಯದು. ಕುಡಿಯದವರ ಮೇಲೆ ಯಾರೂ ಒತ್ತಾಯ ಹೇರದಂತೆ ನೋಡಿಕೊಳ್ಳುವುದೂ ನಿಮ್ಮದೇ ಹೊಣೆ.

ಹೊಸಬರನ್ನು ಮೇಜಿನ ತುದಿಗೆ ಬಿಡದೆ ನಡುವೆ ಕೂರಿಸಿ. ಸವಾರಿಯಲ್ಲಿ ಬೆನ್ನು ಮಾತ್ರ ಕಂಡವರ ಮುಖ, ಹೆಸರು, ಕೆಲಸ, ಮನೆ ಎಲ್ಲ ಗೊತ್ತಾಗುವುದು ಇಲ್ಲೇ.

ಒಂದೂವರೆಗೆ ಏಳಿ. ಊಟದ ನಂತರ ಕಾಲು ಜಡವಾಗಿರುತ್ತವೆ, ಬೆವರಾರಿದ ಮೈ ಚಳಿಗೆ ನಡುಗುತ್ತದೆ. ಜಾಕೆಟ್ ಹಾಕಿಕೊಂಡು, ಹಗುರ ಗೇರಿನಲ್ಲಿ ಮೊದಲ ಹತ್ತು ನಿಮಿಷ ಮೆಲ್ಲನೆ ತುಳಿಯಿರಿ. ಹೊರಡುವಾಗ ಮತ್ತೊಮ್ಮೆ ತಲೆ ಎಣಿಸಿ. ಯಾರಾದರೂ ಇನ್ನೂ ಒಳಗೆ ಕೈತೊಳೆಯುತ್ತಿರಬಹುದು.