ಕೇಳುವವರಿಗೆ ಉಚಿತ, ರಚಿಸಿದವರಿಗೆ ಮೊದಲೇ ಹಣ

ಸಂಗೀತವನ್ನು ಉಚಿತವಾಗಿ ಕೊಟ್ಟರೆ ಸಂಯೋಜಕರಿಗೆ ದುಡ್ಡು ಎಲ್ಲಿಂದ ಬರುತ್ತದೆ? ನಮ್ಮ ಕೆಲಸ ನೋಡಿದವರೆಲ್ಲ ಕೇಳುವ ಮೊದಲ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ. ನಾವು ಕೆಲವು ವಾದಕರು ಸೇರಿ ಹೊಸ ವಾದ್ಯ ರಚನೆಗಳನ್ನು ರೆಕಾರ್ಡ್ ಮಾಡಿ ಆನ್‌ಲೈನ್‌ನಲ್ಲಿ ಹಾಕುತ್ತೇವೆ. ಯಾರು ಬೇಕಾದರೂ ಕೇಳಬಹುದು, ಡೌನ್‌ಲೋಡ್ ಮಾಡಿಕೊಳ್ಳಬಹುದು, ಗೆಳೆಯರಿಗೆ ಕಳಿಸಬಹುದು. ಜಾಹೀರಾತು ಇಲ್ಲ, ಲಾಗಿನ್ ಇಲ್ಲ. ಆದರೂ ಪ್ರತಿ ರಚನೆಗೂ ಸಂಯೋಜಕರಿಗೆ ಹಣ ಕೊಟ್ಟಿದ್ದೇವೆ, ಅದೂ ಹಾಡು ಹೊರಗೆ ಬರುವ ಮುಂಚೆಯೇ.

ಇದರ ಹಿಂದೆ ಇರುವುದು ಒಂದೇ ನಿಯಮ. ಉಚಿತ ಅನ್ನುವುದು ಕೇಳುವವರಿಗೆ ಮಾತ್ರ. ಕೆಲಸಕ್ಕೆ ಖರ್ಚು ಇದ್ದೇ ಇದೆ, ಆ ಖರ್ಚಿನ ಪಟ್ಟಿಯಲ್ಲಿ ಸಂಯೋಜಕರ ಹೆಸರು ಎಲ್ಲಕ್ಕಿಂತ ಮೇಲೆ ಇರಬೇಕು. ಸ್ಟುಡಿಯೋದವರಿಗೆ ಯಾರೂ ‘ನಿಮಗೆ ಹೆಸರು ಬರುತ್ತೆ, ಸುಮ್ನೆ ಮಾಡಿಕೊಡಿ’ ಅನ್ನುವುದಿಲ್ಲ. ಮಿಕ್ಸಿಂಗ್ ಮಾಡುವವರಿಗೂ ಅನ್ನುವುದಿಲ್ಲ. ಆ ಮಾತು ಕೇಳಿಸಿಕೊಳ್ಳುವುದು ಸಂಯೋಜಕರು ಮಾತ್ರ. ಅವರಿಲ್ಲದೆ ಸ್ಟುಡಿಯೋಗೆ ಹೋಗಿ ನುಡಿಸುವುದಕ್ಕೆ ಏನೂ ಇರುವುದಿಲ್ಲ ಅಲ್ವಾ? ನನಗೆ ಇದು ಸಣ್ಣ ವಿಷಯವಲ್ಲ.

ಮೊದಲು ಹಕ್ಕಿನ ವಿಷಯ. ಒಂದು ರೆಕಾರ್ಡಿಂಗ್‌ನಲ್ಲಿ ಎರಡು ಬೇರೆ ಬೇರೆ ಹಕ್ಕುಗಳಿರುತ್ತವೆ. ಒಂದು, ರಚನೆಯ ಹಕ್ಕು. ಇನ್ನೊಂದು, ಆ ರಚನೆಯನ್ನು ನುಡಿಸಿ ಮಾಡಿದ ಧ್ವನಿಮುದ್ರಣದ ಹಕ್ಕು. ನುಡಿಸಿದವರು ನಾವು, ರೆಕಾರ್ಡ್ ಮಾಡಿಸಿದವರು ನಾವು, ಆದ್ದರಿಂದ ಎರಡನೆಯದನ್ನು ನಾವು ಧಾರಾಳವಾಗಿ ಹಂಚಬಹುದು. ಮೊದಲನೆಯದು ನಮ್ಮದಲ್ಲ. ಬೇರೆಯವರ ರಚನೆ ನುಡಿಸಿ, ಅದಕ್ಕೆ ತಾವೇ ‘ಉಚಿತವಾಗಿ ಬಳಸಿಕೊಳ್ಳಿ’ ಎಂದು ಬರೆದು ಹಾಕುವವರು ತುಂಬಾ ಜನ ಇದ್ದಾರೆ. ಮನಸ್ಸು ಒಳ್ಳೆಯದೇ, ಆದರೆ ಕೊಡುತ್ತಿರುವುದು ಮತ್ತೊಬ್ಬರ ಸ್ವತ್ತು. ಅದಕ್ಕೇ ನಮ್ಮಲ್ಲಿ ಲೈಸೆನ್ಸ್ ಕಾಗದಕ್ಕೆ, ಅಂದರೆ ಬಳಸಲು ಅನುಮತಿ ಕೊಡುವ ಪತ್ರಕ್ಕೆ, ಸಂಯೋಜಕರೂ ವಾದಕರೂ ಇಬ್ಬರೂ ಸಹಿ ಹಾಕಲೇಬೇಕು.

ಲೈಸೆನ್ಸ್‌ಗೆ ನಾವು ಹೊಸದಾಗಿ ಏನನ್ನೂ ಬರೆಯಲಿಲ್ಲ. ಯಾರು ಬೇಕಾದರೂ ಬಳಸಬಹುದಾದ ಸಿದ್ಧ ಲೈಸೆನ್ಸ್‌ಗಳನ್ನು ಬರೆದುಕೊಡುವ ಕ್ರಿಯೇಟಿವ್ ಕಾಮನ್ಸ್ ಸಂಸ್ಥೆ ಶುರುವಾದದ್ದು 2001ರಲ್ಲಿ, ಅದರ ಮೊದಲ ಲೈಸೆನ್ಸ್‌ಗಳು ಬಂದದ್ದು 2002ರ ಡಿಸೆಂಬರ್‌ನಲ್ಲಿ. ನಾವು ಬಳಸುವುದು 2013ರಲ್ಲಿ ಬಂದ 4.0 ಆವೃತ್ತಿ. ಅದರ ಆರು ಲೈಸೆನ್ಸ್‌ಗಳಲ್ಲಿ ನಮಗೆ ಒಗ್ಗಿದ್ದು ಬೈ-ಎನ್‌ಸಿ-ಎಸ್‌ಎ. ಅಂದರೆ ಹೆಸರು ಹಾಕಬೇಕು, ವ್ಯಾಪಾರಕ್ಕೆ ಬಳಸಬಾರದು, ಬದಲಾಯಿಸಿ ಹಂಚಿದರೆ ಅದೇ ಷರತ್ತಿನಲ್ಲಿ ಹಂಚಬೇಕು. ‘ವ್ಯಾಪಾರಕ್ಕೆ ಬೇಡ’ ಅನ್ನುವ ತುಂಡನ್ನು ಕೆಲವರು ಜಿಪುಣತನ ಅಂತಾರೆ. ನಾನು ಒಪ್ಪುವುದಿಲ್ಲ. ಸಂಯೋಜಕರಿಗೆ ಮುಂದೆ ಹಣ ಬರುವ ಬಾಗಿಲು ಇರುವುದೇ ಅಲ್ಲಿ. ಜಾಹೀರಾತಿಗೋ, ಸಿನಿಮಾಕ್ಕೋ, ದುಡ್ಡು ತೆಗೆದುಕೊಳ್ಳುವ ಆ್ಯಪ್‌ಗೋ ಬೇಕಾದವರು ಬಂದು ಕೇಳಬೇಕು, ಬೇರೆ ಲೈಸೆನ್ಸ್ ಕೊಳ್ಳಬೇಕು. ಎಲ್ಲರಿಗೂ ಉಚಿತ ಲೈಸೆನ್ಸ್ ಕೊಟ್ಟಮೇಲೂ ಹೀಗೆ ಒಬ್ಬೊಬ್ಬರಿಗೆ ಬೇರೆಯಾಗಿ ಮಾರುವ ಹಕ್ಕು ಹಕ್ಕುದಾರರ ಕೈಯಲ್ಲೇ ಉಳಿಯುತ್ತದೆ.

‘ಬದಲಾಯಿಸಬಾರದು’ ಅನ್ನುವ ಎನ್‌ಡಿ ಷರತ್ತನ್ನು ಸಂಯೋಜಕರು ಆಗಾಗ ಕೇಳುತ್ತಾರೆ. ತಮ್ಮ ರಚನೆಯನ್ನು ಯಾರಾದರೂ ಕೆಡಿಸಿಬಿಟ್ಟಾರು ಎಂಬ ಭಯ, ಸಹಜವೇ. ಆದರೆ ಇಲ್ಲಿ ಒಂದು ಸೂಕ್ಷ್ಮ ಇದೆ. ಈ ಲೈಸೆನ್ಸ್‌ಗಳ ಪ್ರಕಾರ ಸಂಗೀತವನ್ನು ಓಡುವ ಚಿತ್ರಕ್ಕೆ ಹೊಂದಿಸಿದರೂ ಅದು ಬದಲಾವಣೆಯೇ. ಒಂದು ಸ್ವರವನ್ನೂ ಮುಟ್ಟದೆ ಒಬ್ಬ ವಿದ್ಯಾರ್ಥಿ ತನ್ನ ವಿಡಿಯೋಗೆ ಹಿನ್ನೆಲೆಯಾಗಿ ಹಾಕಿಕೊಂಡರೂ, ಎನ್‌ಡಿ ಇದ್ದರೆ ಆ ವಿಡಿಯೋವನ್ನು ಹಂಚುವಂತಿಲ್ಲ. ಹಂಚಲಿ ಎಂದೇ ಹೊರಟವರಿಗೆ ಇದು ಒಗ್ಗುತ್ತದೆಯೇ? ಇಷ್ಟು ವಿವರಿಸಿದ ಮೇಲೆ ಹೆಚ್ಚಿನವರು ಅದನ್ನು ಬಿಡುತ್ತಾರೆ. ಬಿಡದಿದ್ದರೆ ಅವರ ಇಷ್ಟ, ಕೊನೆಯ ಮಾತು ಅವರದೇ.

ಇನ್ನೊಂದು ಮುಖ್ಯ ವಿಷಯವನ್ನೂ ಸಹಿಗೆ ಮೊದಲು ಸ್ಪಷ್ಟವಾಗಿ ಹೇಳುತ್ತೇವೆ. ಈ ಲೈಸೆನ್ಸ್ ಕೊಟ್ಟ ಮೇಲೆ ವಾಪಸ್ ಪಡೆಯುವಂತಿಲ್ಲ. ನಾಳೆ ಮನಸ್ಸು ಬದಲಾಯಿಸಿ ಹೊಸ ಪ್ರತಿ ಕೊಡುವುದನ್ನು ನಿಲ್ಲಿಸಬಹುದು, ಆದರೆ ಆಗಲೇ ಪಡೆದವರು ಷರತ್ತು ಪಾಲಿಸುವವರೆಗೆ ಬಳಸುತ್ತಲೇ ಇರಬಹುದು. ಆದ್ದರಿಂದ ಕಾಗದ ಕೊಟ್ಟ ದಿನವೇ ಸಹಿ ತೆಗೆದುಕೊಳ್ಳುವುದಿಲ್ಲ. ಮನೆಗೆ ಒಯ್ದು, ಓದಿ, ಬೇಕಾದವರನ್ನು ಕೇಳಿ ಬನ್ನಿ ಅನ್ನುತ್ತೇವೆ.

ಸಂಯೋಜಕರು ಯಾವುದಾದರೂ ರಾಯಲ್ಟಿ (ರಚನೆ ಬಳಸಿದ್ದಕ್ಕೆ ಬರುವ ಹಣ) ಸಂಗ್ರಹಿಸುವ ಸೊಸೈಟಿಯ ಸದಸ್ಯರೇ ಎಂಬುದನ್ನೂ ಮೊದಲ ಮಾತಿನಲ್ಲೇ ಕೇಳುತ್ತೇನೆ. ಕೆಲವು ಸೊಸೈಟಿಗಳಲ್ಲಿ ಸದಸ್ಯರಾದ ಕೂಡಲೇ ಎಲ್ಲ ರಚನೆಗಳ ಹಕ್ಕನ್ನೂ ಅದರ ಕೈಗೇ ಒಪ್ಪಿಸಿದ ಹಾಗೆ. ಆಮೇಲೆ ಸ್ವತಃ ಬರೆದವರೂ ಅದನ್ನು ಉಚಿತವಾಗಿ ಬಿಡುವಂತಿಲ್ಲ. ಇದು ಎಲ್ಲ ಕಡೆ ಒಂದೇ ಥರ ಇಲ್ಲ. ಯುರೋಪಿಯನ್ ಒಕ್ಕೂಟದ 2014ರ ನಿರ್ದೇಶನದಲ್ಲಿ, ವ್ಯಾಪಾರೇತರ ಬಳಕೆಗೆ ಸದಸ್ಯರು ತಾವೇ ಲೈಸೆನ್ಸ್ ಕೊಡುವ ಹಕ್ಕನ್ನು ಬರೆದಿದ್ದಾರೆ. ಫ್ರಾನ್ಸ್‌ನ ಸಾಸೆಮ್ ಎಂಬ ಸೊಸೈಟಿ 2012ರಲ್ಲಿ ಕ್ರಿಯೇಟಿವ್ ಕಾಮನ್ಸ್ ಜೊತೆ ಇಂಥದ್ದೇ ಪ್ರಯೋಗಕ್ಕೆ ಇಳಿದಿತ್ತು. ಸೊಸೈಟಿಯ ನಿಯಮ ಬಿಡುವುದಿಲ್ಲ ಎಂದಾದರೆ ನಾವು ಆ ರಚನೆಯನ್ನು ಉಚಿತ ಸಂಗ್ರಹಕ್ಕೆ ಸೇರಿಸುವುದಿಲ್ಲ, ಅಷ್ಟೇ. ಸಂಯೋಜಕರನ್ನು ಅವರ ಸೊಸೈಟಿಯೊಂದಿಗೆ ಜಗಳಕ್ಕೆ ತಳ್ಳುವುದು ಯಾವ ಸೀಮೆಯ ನ್ಯಾಯ?

ಈಗ ಹಣ. ‘ಎಷ್ಟು ಜನ ಕೇಳಿದರು’ ಎಂಬ ಲೆಕ್ಕದಲ್ಲಿ ನಾವು ಕೊಡುವುದಿಲ್ಲ. ದೊಡ್ಡ ಸ್ಟ್ರೀಮಿಂಗ್ ಕಂಪನಿಗಳಲ್ಲಿ ಸಾಮಾನ್ಯವಾಗಿ ಚಂದಾ ಹಣವೆಲ್ಲ ಒಂದೇ ಕಡೆ ಸೇರುತ್ತದೆ, ಒಟ್ಟು ಪ್ಲೇಗಳಲ್ಲಿ ಯಾರ ಪಾಲು ಎಷ್ಟೋ ಅಷ್ಟು ಅವರಿಗೆ. ಹೀಗಾಗಿ ನಾನು ಇಡೀ ತಿಂಗಳು ಒಬ್ಬರನ್ನೇ ಕೇಳಿದರೂ ನನ್ನ ಚಂದಾದ ಬಹುಪಾಲು ನಾನು ಹೆಸರೂ ಕೇಳದವರಿಗೆ ಹೋಗಬಹುದು. ಕೇಳುವವರ ಹಣ ಅವರು ಕೇಳಿದವರಿಗೇ ಹೋಗಲಿ ಎಂದು ಸೌಂಡ್‌ಕ್ಲೌಡ್ ಎಂಬ ಸ್ಟ್ರೀಮಿಂಗ್ ಕಂಪನಿ 2021ರಲ್ಲಿ ಬೇರೆ ಲೆಕ್ಕ ಶುರು ಮಾಡಿತು, ಅದು ನನಗೆ ಹಿಡಿಸಿತು. ಆದರೆ ನಮ್ಮಲ್ಲಿ ಚಂದಾ ಅನ್ನುವುದೇ ಇಲ್ಲ. ಸೊನ್ನೆಯನ್ನು ಎಷ್ಟು ಪ್ಲೇಗಳಿಂದ ಗುಣಿಸಿದರೂ ಸೊನ್ನೆಯೇ. ಅದಕ್ಕೇ ಕೆಲಸಕ್ಕೆ ಹಣ, ಕೇಳಿದ್ದಕ್ಕಲ್ಲ.

ಸಂಭಾವನೆ ನಿಗದಿ ಮಾಡುವಾಗ ರಚನೆಯ ಉದ್ದ, ಎಷ್ಟು ವಾದ್ಯಗಳಿಗೆ ಬರೆಯಬೇಕು, ಎಷ್ಟು ತಿದ್ದುಪಡಿ ಕೇಳುತ್ತೇವೆ, ಇವನ್ನೆಲ್ಲ ನೋಡುತ್ತೇವೆ. ಕೆಳಗಿನ ಮಿತಿ ಮಾತ್ರ ಬದಲಾಗುವುದಿಲ್ಲ: ಆ ರೆಕಾರ್ಡಿಂಗ್‌ನಲ್ಲಿ ಅತಿ ಹೆಚ್ಚು ಹಣ ಪಡೆಯುವ ವಾದಕರಿಗಿಂತ ಸಂಯೋಜಕರಿಗೆ ಒಂದು ಪೈಸೆಯೂ ಕಡಿಮೆ ಇರಬಾರದು. ಅರ್ಧ ಒಪ್ಪಂದದ ದಿನ, ಉಳಿದರ್ಧ ನೊಟೇಶನ್ ನಮ್ಮ ಕೈಗೆ ಕೊಟ್ಟ ದಿನ. ರೆಕಾರ್ಡಿಂಗ್ ಮುಗಿದ ಮೇಲಲ್ಲ. ರೆಕಾರ್ಡಿಂಗ್ ತಡವಾದರೆ ಅದು ನಮ್ಮ ತೊಂದರೆ, ಅವರು ತಮ್ಮ ಕೆಲಸ ಮುಗಿಸಿಯಾಗಿದೆ. ಇನ್ನೊಂದು ಮಾತನ್ನು ಕಾಗದದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದೇವೆ: ಇದು ಮುಂಗಡ ಅಲ್ಲ. ಕಂಪನಿಗಳು ಕೊಡುವ ಮುಂಗಡವನ್ನು ಆಮೇಲೆ ರಾಯಲ್ಟಿಯಲ್ಲಿ ಮುರಿದುಕೊಳ್ಳುತ್ತಾರೆ, ಅದು ತೀರುವವರೆಗೆ ಮುಂದಿನ ಹಣ ಬರುವುದಿಲ್ಲ. ನಮ್ಮ ಸಂಭಾವನೆ ಮುರಿದುಕೊಳ್ಳುವಂಥದ್ದಲ್ಲ. ಮುಂದೆ ಬರುವ ಪಾಲು ಮೊದಲ ಪೈಸೆಯಿಂದಲೇ ಲೆಕ್ಕ.

ಈ ಹಣ ಬರುವುದು ಕೇಳುವವರಿಂದಲೇ, ಆದರೆ ಮೊದಲೇ. ಇಂಥವರಿಂದ ಇಂಥ ರಚನೆ ಮಾಡಿಸುತ್ತೇವೆ, ಆಮೇಲೆ ಎಲ್ಲರಿಗೂ ಉಚಿತ ಎಂದು ಹೇಳಿ ಬೆಂಬಲ ಕೇಳುತ್ತೇವೆ. ಸಂಯೋಜಕರ ಪೂರ್ತಿ ಹಣ ಸೇರುವವರೆಗೆ ಸ್ಟುಡಿಯೋ ಬುಕ್ ಮಾಡುವುದಿಲ್ಲ. ಈ ದಾರಿ ನಾವು ಕಂಡುಹಿಡಿದದ್ದಲ್ಲ. ಪಿಯಾನೊ ವಾದಕಿ ಕಿಮಿಕೊ ಇಶಿಜಾಕಾ 2012ರಲ್ಲಿ ಜರ್ಮನ್ ಸಂಯೋಜಕ ಬಾಖ್ ಕೃತಿಯೊಂದರ ರೆಕಾರ್ಡಿಂಗನ್ನು ಜನರಿಂದ ಮೊದಲೇ ಹಣ ಕೂಡಿಸಿ ಮಾಡಿ, ಎಲ್ಲ ಹಕ್ಕು ಬಿಟ್ಟು ಲೋಕಕ್ಕೇ ಕೊಟ್ಟರು. ಬಾಖ್ ತೀರಿಕೊಂಡದ್ದು 1750ರಲ್ಲಿ, ಹಾಗಾಗಿ ಅಲ್ಲಿ ರಚನೆಗೆ ಯಾರಿಗೂ ಕೊಡುವುದಿರಲಿಲ್ಲ. ಬದುಕಿರುವವರ ರಚನೆಗೆ ಅದೇ ದಾರಿಯಲ್ಲಿ ಒಬ್ಬರ ಪಾಲು ಹೆಚ್ಚು ಕೂಡಿಸಬೇಕು, ಅಷ್ಟೇ ವ್ಯತ್ಯಾಸ. ಉಚಿತವಾಗಿ ಸಿಗುವುದಕ್ಕೆ ಜನ ಯಾಕೆ ದುಡ್ಡು ಕೊಡ್ತಾರೆ ಅಂತ ಕೇಳುವವರಿದ್ದಾರೆ. ಆ ರಚನೆ ಹುಟ್ಟಲಿ ಅಂತ ಕೊಡುತ್ತಾರೆ. ಯಾರ ಕೈಗೆ ಹೋಗುತ್ತದೆ ಎಂದು ಹೆಸರು ಹೇಳಿ ಕೇಳಿದರೆ ಇನ್ನೂ ಜಾಸ್ತಿ ಕೊಡುತ್ತಾರೆ, ಇದು ನಾನು ಕಣ್ಣಾರೆ ಕಂಡದ್ದು.

ಹಾಡು ಹೊರಬಂದ ಮೇಲಿನ ಆದಾಯ ಸಣ್ಣದು, ಆದರೆ ಇದೆ. ವ್ಯಾಪಾರದ ಲೈಸೆನ್ಸ್ ಮಾರಿದರೆ ಅರ್ಧ ರಚನೆಗೆ, ಅರ್ಧ ಧ್ವನಿಮುದ್ರಣಕ್ಕೆ. ನೊಟೇಶನ್ ಮಾರಾಟದ ಹಣ ಪೂರ್ತಿ ಸಂಯೋಜಕರಿಗೆ. ಇಷ್ಟ ಬಂದಷ್ಟು ಕೊಡಿ ಎಂದು ಇಟ್ಟದ್ದರಲ್ಲಿ ಅರ್ಧ ಅವರಿಗೆ, ಮಿಕ್ಕಿದ್ದು ವಾದಕರಿಗೆ. ಬ್ಯಾಂಡ್‌ಕ್ಯಾಂಪ್‌ನಂಥ ಸಂಗೀತ ಮಾರುವ ಜಾಲತಾಣಗಳಲ್ಲಿ ಬೆಲೆಯನ್ನು ಸೊನ್ನೆಯಿಂದ ಶುರು ಮಾಡಲು ಬಿಡುತ್ತಾರೆ, ಯಾರಾದರೂ ಕೊಟ್ಟರೆ ಡಿಜಿಟಲ್ ಮಾರಾಟದಲ್ಲಿ ಸಾಮಾನ್ಯವಾಗಿ ಶೇಕಡಾ 15 ಬ್ಯಾಂಡ್‌ಕ್ಯಾಂಪ್ ಪಾಲು, ಅದರ ಮೇಲೆ ಪೇಮೆಂಟ್ ಶುಲ್ಕ. ಹಣ ಕಳಿಸುವಾಗ ಶುಲ್ಕದಲ್ಲಿ ಒಂದು ಸ್ಥಿರ ಮೊತ್ತ ಇರುವುದರಿಂದ ಚಿಲ್ಲರೆ ಕಾಣಿಕೆಯನ್ನು ಒಂದೊಂದಾಗಿ ಕಳಿಸಿದರೆ ದಾರಿಯಲ್ಲೇ ಕರಗುತ್ತದೆ, ಕೂಡಿಸಿ ಮೂರು ತಿಂಗಳಿಗೊಮ್ಮೆ ಕಳಿಸುವುದು ಒಳ್ಳೆಯದು. ಲೆಕ್ಕಪತ್ರ ಮಾತ್ರ ಸೊನ್ನೆ ಇದ್ದರೂ ಕಳಿಸುತ್ತೇವೆ. ಏನೂ ಬಂದಿಲ್ಲ ಎಂದು ತಿಳಿಯುವುದೂ ಅವರ ಹಕ್ಕು.

ಫೈಲ್ ಬಗ್ಗೆ ಒಂದು ಮಾತು. ಉಚಿತ ಹಾಡು ಪುಟ ಬಿಟ್ಟು ಓಡಾಡುತ್ತದೆ, ಪುಟದಲ್ಲಿ ಬರೆದ ಹೆಸರು ಅದರ ಜೊತೆ ಹೋಗುವುದಿಲ್ಲ. ಎಂಪಿ3ಯಲ್ಲೂ ಫ್ಲ್ಯಾಕ್‌ನಲ್ಲೂ ಸಂಯೋಜಕರ ಹೆಸರಿಗೆ ಬೇರೆಯೇ ಜಾಗ ಇದೆ, ಅದನ್ನು ಖಾಲಿ ಬಿಡುವವರೇ ಜಾಸ್ತಿ. ನಾವು ಅಲ್ಲಿ ಹೆಸರು, ಟಿಪ್ಪಣಿಯ ಜಾಗದಲ್ಲಿ ಲೈಸೆನ್ಸ್ ಮತ್ತು ವ್ಯಾಪಾರಕ್ಕೆ ಯಾರನ್ನು ಕೇಳಬೇಕು ಎಂಬ ವಿಳಾಸ ತುಂಬುತ್ತೇವೆ. ರೆಕಾರ್ಡಿಂಗ್‌ಗೆ ಐಎಸ್‌ಆರ್‌ಸಿ, ರಚನೆಗೆ ಐಎಸ್‌ಡಬ್ಲ್ಯುಸಿ, ಎರಡೂ ಬೇರೆ ಗುರುತಿನ ಸಂಖ್ಯೆಗಳು. ಯೂಟ್ಯೂಬ್‌ನ ಕಂಟೆಂಟ್ ಐಡಿಗೆ, ಅಂದರೆ ವಿಡಿಯೋಗಳಲ್ಲಿ ಯಾರ ಸಂಗೀತ ಇದೆ ಎಂದು ತಾನೇ ಹುಡುಕಿ ಹಿಡಿಯುವ ವ್ಯವಸ್ಥೆಗೆ, ಈ ರೆಕಾರ್ಡಿಂಗ್‌ಗಳನ್ನು ಯಾರೂ ಸೇರಿಸಬಾರದು ಎಂದೂ ಒಪ್ಪಂದದಲ್ಲಿದೆ. ಸೇರಿಸಿದರೆ ನಾವೇ ‘ಬಳಸಿಕೊಳ್ಳಿ’ ಎಂದು ಕರೆದವರ ವಿಡಿಯೋಗಳ ಮೇಲೆ ಕ್ಲೇಮ್ ಬೀಳುತ್ತದೆ.

ಕೃತಿಸ್ವಾಮ್ಯದ ಬಗ್ಗೆ ದೇಶಗಳು ಮಾಡಿಕೊಂಡ ಬರ್ನ್ ಒಪ್ಪಂದದ ಪ್ರಕಾರ ರಚನೆಯ ಹಕ್ಕು ಬರೆದವರು ತೀರಿಕೊಂಡ ಮೇಲೂ ಕಡಿಮೆಯೆಂದರೆ 50 ವರ್ಷ ಉಳಿಯುತ್ತದೆ, ಅನೇಕ ದೇಶಗಳಲ್ಲಿ 70. ಅದಕ್ಕೇ ಕಾಗದದಲ್ಲಿ ಅವರ ನಂತರ ಹಣ ಯಾರಿಗೆ ಎಂಬ ಹೆಸರನ್ನೂ ಬರೆಸಿಕೊಳ್ಳುತ್ತೇವೆ. ಮುಂದೊಂದು ದಿನ ನಮ್ಮ ಗುಂಪೇ ಮುಚ್ಚಿದರೆ, ಆಗಲೇ ಹಂಚಿದ್ದು ಜನರ ಹತ್ತಿರ ಉಚಿತವಾಗಿಯೇ ಉಳಿಯುತ್ತದೆ, ಧ್ವನಿಮುದ್ರಣವನ್ನು ವ್ಯಾಪಾರಕ್ಕೆ ಕೊಡುವ ನಮ್ಮ ಹಕ್ಕು ಮೂಲ ಫೈಲ್‌ಗಳ ಸಮೇತ ಸಂಯೋಜಕರಿಗೆ ಹೋಗುತ್ತದೆ, ವಾದಕರ ಪಾಲನ್ನು ಆಮೇಲೆ ಅವರೇ ಕೊಡುತ್ತಾರೆ. ಈ ಷರತ್ತಿಗೆ ನಮ್ಮ ವಾದಕರೆಲ್ಲ ಒಪ್ಪಿ ಸಹಿ ಹಾಕಿದ್ದಾರೆ.